ಸೂಜಿ ಚುಚ್ಚಿದರೆ ಮುಚ್ಚಿಡಬೇಡಿ: ಮೊದಲ ಎರಡು ಗಂಟೆಗಳಲ್ಲಿ ಏನು ಮಾಡಬೇಕು?

(ದೃಶ್ಯ: ವಾರ್ಡಿನ ಮೇಜು. ಸ್ಟೀಲ್ ಟ್ರೇಯಲ್ಲಿ ಹತ್ತಿ, ರಕ್ತ ತುಂಬಿದ ಸಿರಿಂಜ್, ಪಕ್ಕದಲ್ಲಿ ಸೂಜಿಯ ಮುಚ್ಚಳ.)

ನಮಸ್ಕಾರ. ಈ ವಿಡಿಯೋ ನೋಡುತ್ತಿರುವ ನರ್ಸ್‌ಗಳಿಗೆ, ಲ್ಯಾಬ್ ತಂತ್ರಜ್ಞರಿಗೆ, ಹೌಸ್ ಸರ್ಜನ್‌ಗಳಿಗೆ ಮೊದಲು ಒಂದು ಪ್ರಶ್ನೆ. ಬಳಸಿದ ಸೂಜಿ ನಿಮಗೆ ಎಂದಾದರೂ ಚುಚ್ಚಿದೆಯೇ? ಚುಚ್ಚಿದ್ದರೆ ಅದನ್ನು ಯಾರಿಗೆ ಹೇಳಿದಿರಿ?

ನಾನು ಯಾರಿಗೂ ಹೇಳಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ, ರಾತ್ರಿ ಪಾಳಿ. ರೋಗಿಯಿಂದ ರಕ್ತದ ಮಾದರಿ ತೆಗೆದು ಸೂಜಿಗೆ ಮುಚ್ಚಳ ಹಾಕಲು ಹೋದೆ. ಗುರಿ ತಪ್ಪಿ ಸೂಜಿ ಎಡಗೈ ಹೆಬ್ಬೆರಳಿಗೆ ನಾಟಿತು. ಕೈಗವಸಿನ ಒಳಗೆ ಸಾಸಿವೆ ಕಾಳಿನಷ್ಟು ರಕ್ತ ಕಾಣಿಸಿತು. ಬೆರಳನ್ನು ಹಿಂಡಿದೆ, ಸ್ಪಿರಿಟ್ ಸುರಿದುಕೊಂಡೆ, ಹೊಸ ಕೈಗವಸು ಹಾಕಿ ಮುಂದಿನ ಹಾಸಿಗೆಗೆ ಹೋದೆ. ಹಿರಿಯರಿಗೆ ತಿಳಿದರೆ "ಇಷ್ಟೂ ಬರುವುದಿಲ್ಲವೇ?" ಎಂದು ಎಲ್ಲರ ಮುಂದೆ ಕೇಳುತ್ತಾರೆ ಎಂಬ ಭಯ. ಮೂರು ದಿನ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ನಾಲ್ಕನೆಯ ದಿನ ಬಾಯಿಬಿಟ್ಟಾಗ ಬೈಗುಳವೂ ಸಿಕ್ಕಿತು, "ಈಗ ಬಂದು ಹೇಳಿದರೆ ಮಾತ್ರೆ ಕೊಟ್ಟೂ ಪ್ರಯೋಜನವಿಲ್ಲ" ಎಂಬ ಉತ್ತರವೂ ಸಿಕ್ಕಿತು. ಮುಂದಿನ ಆರು ತಿಂಗಳು ಪ್ರತಿ ಪರೀಕ್ಷೆಯ ವರದಿಗಾಗಿ ಕಾದ ದಿನಗಳನ್ನು ನಾನು ಮರೆತಿಲ್ಲ. ಎಲ್ಲವೂ ನೆಗೆಟಿವ್ ಬಂದವು. ನಾನು ಅದೃಷ್ಟವಂತೆ.

ಆ ರಾತ್ರಿಯ ಒಂದೊಂದು ತಪ್ಪನ್ನೂ ಇಂದು ನಿಮ್ಮ ಮುಂದೆ ಬಿಚ್ಚಿಡುತ್ತೇನೆ.

(ದೃಶ್ಯ: ಎರಡು ಕೈಗಳು. ಒಂದರಲ್ಲಿ ಸೂಜಿ, ಇನ್ನೊಂದರಲ್ಲಿ ಮುಚ್ಚಳ. ನಿಧಾನ ಚಲನೆ.)

ಮೊದಲನೆಯದು ಮುಚ್ಚಳ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು. ಈ ದೃಶ್ಯವನ್ನು ಗಮನಿಸಿ: ಎರಡು ಕೈಗಳು ಒಂದರ ಕಡೆಗೆ ಒಂದು ಬರುತ್ತಿವೆ, ನಡುವೆ ಇರುವುದು ಕೆಲವೇ ಮಿಲಿಮೀಟರ್ ಅಗಲದ ಪ್ಲಾಸ್ಟಿಕ್ ಬಾಯಿ. ಬೆಳಗಿನ ಜಾವ ನಾಲ್ಕು ಗಂಟೆಯ ನಿದ್ದೆಗಣ್ಣಿನಲ್ಲಿ, ಹಿಂದಿನಿಂದ ಯಾರೋ "ಸಿಸ್ಟರ್" ಎಂದು ಕರೆದಾಗ, ಆ ಬಾಯಿ ತಪ್ಪುವುದು ಸಹಜ. ನಮ್ಮ ಕಾಲದಲ್ಲಿ ಮುಚ್ಚಳ ಹಾಕಿಟ್ಟ ಟ್ರೇಯನ್ನೇ ಅಚ್ಚುಕಟ್ಟು ಎಂದು ಕಲಿಸಿದ್ದರು. ಆ ಪಾಠವನ್ನು ಮರೆಯಲು ನನಗೆ ವರ್ಷಗಳೇ ಹಿಡಿದವು.

ಹಾಗಾದರೆ ಸೂಜಿಯನ್ನು ಏನು ಮಾಡಬೇಕು? ರೋಗಿಯ ಪಕ್ಕದಲ್ಲಿಯೇ, ಕೈಗೆಟುಕುವ ದೂರದಲ್ಲಿ, ಸೂಜಿ ತೂರದ ಬಿಳಿ ಡಬ್ಬಿ ಇರಬೇಕು. ಸೂಜಿಯನ್ನು ಹಬ್ ಕಟರ್‌ನಲ್ಲಿ ಕತ್ತರಿಸಿ ಅಥವಾ ನೇರವಾಗಿ ಆ ಡಬ್ಬಿಗೆ ಹಾಕಿ. ಡಬ್ಬಿ ವಾರ್ಡಿನ ಆ ತುದಿಯಲ್ಲಿದ್ದರೆ, ತೆರೆದ ಸೂಜಿ ಹಿಡಿದು ಹತ್ತು ಹಾಸಿಗೆ ದಾಟಬೇಕಾಗುತ್ತದೆ. ಆಗಲೇ ಮುಚ್ಚಳ ಹಾಕುವ ಮನಸ್ಸಾಗುವುದು. ಆದ್ದರಿಂದ ಡಬ್ಬಿಯನ್ನು ಟ್ರಾಲಿಯ ಮೇಲೆ ಇಟ್ಟುಕೊಂಡೇ ಹೊರಡಿ. ಮುಕ್ಕಾಲು ಭಾಗ ತುಂಬಿದ ಕೂಡಲೇ ಡಬ್ಬಿಯನ್ನು ಮುಚ್ಚಿ ಬದಲಿಸಿ. ತುಂಬಿ ತುಳುಕುವ ಡಬ್ಬಿಯೊಳಗೆ ಇನ್ನೊಂದು ಸೂಜಿಯನ್ನು ಒತ್ತಿ ತುರುಕುವಾಗಲೂ ಕೈಗೆ ಚುಚ್ಚುತ್ತದೆ. ಮುಚ್ಚಳ ಹಾಕದೆ ಬೇರೆ ದಾರಿಯೇ ಇಲ್ಲವೆಂದರೆ, ಅದನ್ನು ಟ್ರೇಯಲ್ಲಿ ಮಲಗಿಸಿ, ಒಂದೇ ಕೈಯಿಂದ ಸೂಜಿಯನ್ನು ಅದರೊಳಗೆ ತೂರಿಸಿ ಮೇಲೆತ್ತಿ. ಇನ್ನೊಂದು ಕೈ ಬೆನ್ನ ಹಿಂದೆ ಇರಲಿ.

(ದೃಶ್ಯ: ಹರಿಯುವ ನಲ್ಲಿ, ಸಾಬೂನು, ಬೆರಳು.)

ಎರಡನೆಯ ತಪ್ಪು: ಬೆರಳು ಹಿಂಡಿದ್ದು, ಸ್ಪಿರಿಟ್ ಸುರಿದದ್ದು. ಎರಡೂ ನಮಗೆ ಸಹಜ ಎನಿಸುವ ಕೆಲಸಗಳು. ಆದರೆ ಹಿಂಡಿದರೆ ವೈರಸ್ ಹೊರಬರುವುದಿಲ್ಲ, ಗಾಯದ ಸುತ್ತಲಿನ ಅಂಗಾಂಶಕ್ಕೆ ಪೆಟ್ಟಾಗುತ್ತದೆ. ಸ್ಪಿರಿಟ್, ಬ್ಲೀಚ್, ಅಯೋಡಿನ್ ಯಾವುದೂ ಬೇಡ. ಬೆರಳನ್ನು ಬಾಯಿಗೆ ಇಟ್ಟುಕೊಳ್ಳಲೇಬೇಡಿ. ಕೈಗವಸು ತೆಗೆದು, ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ರಕ್ತ ಕಣ್ಣಿಗೆ ಸಿಡಿದಿದ್ದರೆ ಕಣ್ಣು ಉಜ್ಜದೆ ಶುದ್ಧ ನೀರು ಅಥವಾ ಸಲೈನ್‌ನಿಂದ ತೊಳೆಯಿರಿ.

ಈಗ ಅಂಕಿಗಳು. ಸೋಂಕು ಇರುವ ರೋಗಿಯ ರಕ್ತ ತಾಗಿದ ಸೂಜಿ ಚುಚ್ಚಿದರೆ ಯಾವ ಕಾಯಿಲೆ ಎಷ್ಟು ಸುಲಭವಾಗಿ ಹರಡುತ್ತದೆ?

(ಪರದೆಯ ಮೇಲೆ: ಎಚ್‌ಐವಿ – ಸುಮಾರು 1000ಕ್ಕೆ 3. ಹೆಪಟೈಟಿಸ್ ಸಿ – 100ಕ್ಕೆ 2ಕ್ಕಿಂತ ಕಡಿಮೆ. ಹೆಪಟೈಟಿಸ್ ಬಿ, ಲಸಿಕೆ ಪಡೆಯದವರಲ್ಲಿ – 100ಕ್ಕೆ 6ರಿಂದ 30.)

ನಮ್ಮ ಭಯದ ಕ್ರಮ ಇದಕ್ಕೆ ತದ್ವಿರುದ್ಧ. ಸೂಜಿ ಚುಚ್ಚಿದ ಕೂಡಲೇ ಎಲ್ಲರೂ ಎಚ್‌ಐವಿಗೆ ಹೆದರುತ್ತಾರೆ. ಹೆಪಟೈಟಿಸ್ ಬಿ ಯಾರ ನೆನಪಿಗೂ ಬರುವುದಿಲ್ಲ. ಆದರೆ ಅದೇ ಅತಿ ಸುಲಭವಾಗಿ ಅಂಟುವ ವೈರಸ್. ಒಣಗಿದ ರಕ್ತದಲ್ಲಿಯೂ, ಮೇಜು ಟ್ರಾಲಿಗಳ ಮೇಲೆ, ಅದು ಕನಿಷ್ಠ 7 ದಿನ ಜೀವಂತವಾಗಿ ಇರಬಲ್ಲದು. ಅದಕ್ಕೆ ಒಳ್ಳೆಯ ಲಸಿಕೆ ಇದೆ ಎಂಬುದೇ ನನ್ನ ಸಂಕಟ. ಮೊದಲ ಡೋಸ್, ತಿಂಗಳ ನಂತರ ಎರಡನೆಯದು, ಆರನೆಯ ತಿಂಗಳಿಗೆ ಮೂರನೆಯದು. ಅನೇಕರು ಎರಡು ಡೋಸ್ ಪಡೆದು, ಮೂರನೆಯದರ ಹೊತ್ತಿಗೆ ಕೆಲಸ ಬದಲಿಸಿ, ಅದನ್ನು ಮರೆತೇ ಬಿಡುತ್ತಾರೆ. ಮೂರೂ ಆದ ಒಂದೆರಡು ತಿಂಗಳಿಗೆ ಪ್ರತಿಕಾಯದ ಪರೀಕ್ಷೆ ಮಾಡಿಸಿ. ಅಂಕಿ 10 ಅಥವಾ ಹೆಚ್ಚಿದ್ದರೆ ರಕ್ಷಣೆ ಇದೆ ಎಂದರ್ಥ. ಆ ಚೀಟಿಯ ಫೋಟೋ ಮೊಬೈಲ್‌ನಲ್ಲಿ ಇರಲಿ. ನಡುರಾತ್ರಿ ಸೂಜಿ ಚುಚ್ಚಿದಾಗ ವೈದ್ಯರು ಮೊದಲು ಕೇಳುವುದು ಅದನ್ನೇ. ಲಸಿಕೆ ಆಗಿಲ್ಲದಿದ್ದರೆ, ಹೆಪಟೈಟಿಸ್ ಬಿ ಇಮ್ಯುನೊಗ್ಲೋಬ್ಯುಲಿನ್ ಎಂಬ ಚುಚ್ಚುಮದ್ದನ್ನು ಸಾಧ್ಯವಾದರೆ 24 ಗಂಟೆಗಳೊಳಗೆ ಕೊಡುತ್ತಾರೆ, ಜೊತೆಗೇ ಲಸಿಕೆಯನ್ನೂ ಆರಂಭಿಸುತ್ತಾರೆ.

ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ. ಆದರೆ ಬೇಗ ಪತ್ತೆಯಾದರೆ ಮಾತ್ರೆಗಳಿಂದ ಗುಣವಾಗುತ್ತದೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಈ ಚಿಕಿತ್ಸೆ ಉಚಿತ.

(ದೃಶ್ಯ: ಗೋಡೆ ಗಡಿಯಾರ. ಮುಳ್ಳು ಎರಡು ಗಂಟೆ ಮುಂದಕ್ಕೆ.)

ಇನ್ನು ನನ್ನ ಅತಿ ದೊಡ್ಡ ತಪ್ಪು, ಮೌನ. ಎಚ್‌ಐವಿ ತಡೆಗೆ ಕೊಡುವ ಮಾತ್ರೆಯ ಮೊದಲ ಡೋಸ್ ಎರಡು ಗಂಟೆಗಳೊಳಗೆ ಸಿಕ್ಕರೆ ಬಹಳ ಒಳ್ಳೆಯದು. 72 ಗಂಟೆ ದಾಟಿದರೆ ಆರಂಭಿಸುವುದಿಲ್ಲ. ಆರಂಭಿಸಿದರೆ 28 ದಿನ, ಒಂದು ದಿನವೂ ತಪ್ಪದೆ ನುಂಗಬೇಕು. ವೈರಸ್ ದೇಹ ಹೊಕ್ಕ ಮೊದಲ ಗಂಟೆಗಳಲ್ಲಿ ಚುಚ್ಚಿದ ಜಾಗದ ಸುತ್ತಲಿನ ಕೆಲವೇ ಜೀವಕೋಶಗಳಲ್ಲಿ ಇರುತ್ತದೆ. ಅಲ್ಲಿಂದ ದುಗ್ಧ ಗ್ರಂಥಿಗಳಿಗೆ ಹೋಗಿ ಬೇರೂರುವ ಮುನ್ನ ಅದರ ಹೆಚ್ಚಳವನ್ನು ತಡೆಯುವುದೇ ಈ ಮಾತ್ರೆಯ ಕೆಲಸ. ಆದ್ದರಿಂದ ರೋಗಿಯ ವರದಿ ಬರಲಿ ಎಂದು ಮೊದಲ ಡೋಸ್ ತಡೆಯಬಾರದು. ಮಾತ್ರೆ ನುಂಗಿ, ವರದಿ ನೆಗೆಟಿವ್ ಬಂದರೆ ನಿಲ್ಲಿಸಲು ವೈದ್ಯರೇ ಹೇಳುತ್ತಾರೆ. ನಿಮ್ಮ ರಕ್ತವನ್ನೂ ಅಂದೇ ಪರೀಕ್ಷಿಸಬೇಕು, ನಂತರ 6 ವಾರ, 3 ತಿಂಗಳು, 6 ತಿಂಗಳಿಗೆ ಮತ್ತೆ. ಮೊದಲ ದಿನದ ನೆಗೆಟಿವ್ ವರದಿ ಇದ್ದರೆ ಮಾತ್ರ, ಮುಂದೆ ಸೋಂಕು ಕಂಡರೆ ಅದು ಕೆಲಸದಿಂದ ಬಂದದ್ದು ಎಂದು ತೋರಿಸಬಹುದು.

ನಿಮ್ಮ ಹಕ್ಕನ್ನೂ ತಿಳಿದುಕೊಳ್ಳಿ. 2017ರ ಎಚ್‌ಐವಿ ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯ್ದೆಯ ಪ್ರಕಾರ, ಸೋಂಕು ತಗಲುವ ಅಪಾಯವಿರುವ ಸಿಬ್ಬಂದಿಗೆ ರಕ್ಷಣಾ ಸಾಮಗ್ರಿ, ತರಬೇತಿ ಮತ್ತು ಈ ಮಾತ್ರೆಗಳನ್ನು ಒದಗಿಸುವುದು ಆಸ್ಪತ್ರೆಯ ಹೊಣೆ. ಯಾರೂ ನಿಮಗೆ ಉಪಕಾರ ಮಾಡುತ್ತಿಲ್ಲ. ರಾತ್ರಿ ಯಾರೂ ಸಿಗದಿದ್ದರೆ ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ, ಕರೆ ಉಚಿತ.

ವಾರ್ಡ್ ಇನ್‌ಚಾರ್ಜ್‌ಗಳಲ್ಲಿ, ಹಿರಿಯ ವೈದ್ಯರಲ್ಲಿ ಕೈಮುಗಿದು ಕೇಳುತ್ತೇನೆ. ಹೊಸ ಹುಡುಗಿಯೊಬ್ಬಳು ನಡುಗುತ್ತಾ ಬಂದು "ಸೂಜಿ ಚುಚ್ಚಿತು" ಎಂದಾಗ ನಿಮ್ಮ ಮೊದಲ ಮಾತು "ಹೇಗೆ ಚುಚ್ಚಿಕೊಂಡೆ?" ಎಂದಾಗದಿರಲಿ. "ಬಂದು ಹೇಳಿದ್ದು ಒಳ್ಳೆಯದಾಯಿತು, ಬಾ, ಮೊದಲು ಕೈ ತೊಳೆ" ಎನ್ನಿ. ನೀವು ಅಂದು ಬೈದರೆ ಅವಳು ಮುಂದಿನ ಬಾರಿ ಬರುವುದಿಲ್ಲ. ಅವಳನ್ನು ನೋಡಿದ ಉಳಿದ ಹತ್ತು ಮಂದಿಯೂ ಬರುವುದಿಲ್ಲ.

(ದೃಶ್ಯ: ಹಳದಿ, ಕೆಂಪು ಚೀಲಗಳು, ಬಿಳಿ ಡಬ್ಬಿ, ನೀಲಿ ಪೆಟ್ಟಿಗೆ.)

ಇಷ್ಟು ಹೊತ್ತು ಸೂಜಿ ಹಿಡಿದವರ ಮಾತಾಯಿತು. ಸೂಜಿಯನ್ನು ಎಂದೂ ಹಿಡಿಯದೆ ಚುಚ್ಚಿಸಿಕೊಳ್ಳುವವರು ಇದ್ದಾರೆ. ಚೀಲ ಎತ್ತುವ ಆಯಾ, ಗ್ರೂಪ್ ಡಿ ನೌಕರರು, ಬಟ್ಟೆ ಒಗೆಯುವವರು. ಬೆಡ್‌ಶೀಟಿನ ಮಡಿಕೆಯಲ್ಲಿ ಮರೆತ ಕ್ಯಾನುಲಾದ ಸೂಜಿ, ಅವಸರದಲ್ಲಿ ಕೆಂಪು ಚೀಲಕ್ಕೆ ಎಸೆದ ಸೂಜಿ ಕೊನೆಗೆ ಅವರ ಅಂಗೈಯನ್ನೋ ಕಾಲನ್ನೋ ಹುಡುಕಿಕೊಂಡು ಹೋಗುತ್ತದೆ. ಯಾವ ರೋಗಿಯ ಸೂಜಿ ಎಂದು ಅವರಿಗೆ ತಿಳಿಯುವುದೇ ಇಲ್ಲ. ಗುತ್ತಿಗೆಯ ಕೆಲಸ, ಹೇಳಿದರೆ ನಾಳೆ ಬರಬೇಡ ಎಂದಾರು ಎಂಬ ಅಳುಕು ಬೇರೆ.

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಬಣ್ಣಗಳನ್ನು ನಿಗದಿಪಡಿಸಿವೆ. ರಕ್ತ ಮೆತ್ತಿದ ಹತ್ತಿ, ಬ್ಯಾಂಡೇಜ್ ಹಳದಿಗೆ. ಡ್ರಿಪ್ ಕೊಳವೆ, ಕೈಗವಸು, ಸೂಜಿ ತೆಗೆದ ಸಿರಿಂಜ್ ಕೆಂಪಿಗೆ. ಸೂಜಿ, ಬ್ಲೇಡ್ ಬಿಳಿ ಡಬ್ಬಿಗೆ. ಗಾಜಿನ ಬಾಟಲಿಗಳು ನೀಲಿಗೆ. ತ್ಯಾಜ್ಯ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯುವಿನ ಲಸಿಕೆ, ಕೆಲಸಕ್ಕೆ ಸೇರುವಾಗ ಹಾಗೂ ವರ್ಷಕ್ಕೊಮ್ಮೆಯಾದರೂ ಆರೋಗ್ಯ ತಪಾಸಣೆ ಆಗಬೇಕೆಂದೂ ಅದೇ ನಿಯಮಗಳು ಹೇಳುತ್ತವೆ. ಗುತ್ತಿಗೆ ನೌಕರರೂ ಅದರಲ್ಲಿ ಸೇರಿದ್ದಾರೆ. ನಿಮ್ಮ ವಾರ್ಡಿನ ಆಯಾ ಮೂರನೆಯ ಡೋಸ್ ಪಡೆದಿದ್ದಾರೆಯೇ? ಒಮ್ಮೆ ಕೇಳಿ ನೋಡಿ.

ಸೂಜಿಯನ್ನು ಕತ್ತರಿಸಿ ನಾಶ ಮಾಡುವುದಕ್ಕೆ ಇನ್ನೊಂದು ಕಾರಣವೂ ಇದೆ. 2009ರಲ್ಲಿ ಗುಜರಾತಿನ ಸಾಬರಕಾಂಠಾ ಜಿಲ್ಲೆಯ ಮೋಡಾಸಾದಲ್ಲಿ ಹೆಪಟೈಟಿಸ್ ಬಿ ಹರಡಿ ಹಲವರು ಸತ್ತರು. ಬಳಸಿದ ಸಿರಿಂಜ್, ಸೂಜಿಗಳನ್ನು ಮತ್ತೆ ಬಳಸಿದ್ದೇ ಅದಕ್ಕೆ ಕಾರಣವಾಗಿತ್ತು. ಇಡಿಯಾಗಿ ಹೊರಹೋದ ಸೂಜಿ ಇನ್ನೊಬ್ಬರ ತೋಳಿಗೆ ಮರಳಬಲ್ಲದು.

ಕೈಗವಸಿನ ಬಗ್ಗೆ ಒಂದು ಮಾತು. ಅದು ಸೂಜಿಯನ್ನು ತಡೆಯುವುದಿಲ್ಲ. ಆದರೆ ತೂರಿಬರುವ ಸೂಜಿಯ ಮೇಲಿನ ರಕ್ತವನ್ನು ಒಂದಷ್ಟು ಒರೆಸಿಕೊಳ್ಳುತ್ತದೆ, ಒಳಗೆ ಹೋಗುವ ಪ್ರಮಾಣ ಕಡಿಮೆಯಾಗುತ್ತದೆ. "ಈ ರೋಗಿಗೆ ಏನೂ ಇಲ್ಲ, ನೋಡಿದರೇ ಗೊತ್ತಾಗುತ್ತದೆ" ಎಂದು ಕೈಗವಸು ಬಿಡುವವರನ್ನು ನಾನು ನೋಡಿದ್ದೇನೆ. ಹೆಪಟೈಟಿಸ್ ಬಿ ಇರುವ ವ್ಯಕ್ತಿ ವರ್ಷಗಟ್ಟಲೆ ಆರೋಗ್ಯವಂತರಂತೆಯೇ ಕಾಣಬಹುದು. ಪ್ರತಿ ರೋಗಿಯ ರಕ್ತಕ್ಕೂ ಒಂದೇ ಎಚ್ಚರಿಕೆ. ಕೈಗವಸು ತೆಗೆದ ಮೇಲೂ, ಇನ್ನೊಬ್ಬ ರೋಗಿಯನ್ನು ಮುಟ್ಟುವ ಮುನ್ನವೂ ಕೈ ತೊಳೆಯಿರಿ.

(ದೃಶ್ಯ: ಬೀಗ ಹಾಕಿದ ಔಷಧ ಕಪಾಟು. ಕ್ಯಾಮೆರಾ ಬೀಗದ ಮೇಲೆ ನಿಲ್ಲುತ್ತದೆ.)

ಇಂದು ರಾತ್ರಿ ಪಾಳಿಗೆ ಹೊರಟಿರುವವರಿಗೆ ಒಂದು ಕೆಲಸ ಹೇಳುತ್ತೇನೆ. ಡ್ಯೂಟಿ ವಹಿಸಿಕೊಳ್ಳುವಾಗ ಎರಡು ಪ್ರಶ್ನೆ ಕೇಳಿ. ಎಚ್‌ಐವಿ ತಡೆಯುವ ಮಾತ್ರೆ ನಮ್ಮ ಆಸ್ಪತ್ರೆಯ ಯಾವ ಕಪಾಟಿನಲ್ಲಿದೆ? ರಾತ್ರಿ ಎರಡು ಗಂಟೆಗೆ ಅದರ ಕೀಲಿ ಯಾರ ಬಳಿ ಇರುತ್ತದೆ? ಉತ್ತರವನ್ನು ಒಂದು ಕಾಗದದಲ್ಲಿ ಬರೆದು, ಫೋನ್ ಸಂಖ್ಯೆಯ ಸಮೇತ, ನರ್ಸಿಂಗ್ ಸ್ಟೇಷನ್ನಿನ ಗೋಡೆಗೆ ಅಂಟಿಸಿ. ಚೀಲ ಎತ್ತಲು ಬರುವ ಅಕ್ಕನಿಗೂ ಅದನ್ನು ಓದಿ ಹೇಳಿ.