ಗೆದ್ದದ್ದು ಒಂದೇ, ಬಂದದ್ದು ಮೂವತ್ತೆರಡು ಸಾವಿರ

ನಮಸ್ಕಾರ. ಡರ್ಬಿ ಅಂದ ಕೂಡಲೇ ಬೆಂಗಳೂರಿನವರಿಗೆ ಕುದುರೆ ರೇಸು ನೆನಪಾಗುತ್ತದೆ, ಅಲ್ವಾ? ಇವತ್ತು ನಾನು ಹೇಳಲು ಬಂದಿರುವುದು ಕುದುರೆಯ ಮಾತಲ್ಲ. ಇಂಗ್ಲೆಂಡಿನ ನಡುಭಾಗದಲ್ಲಿ ಡರ್ಬಿ ಅಂತ ಒಂದು ಊರಿದೆ. ಅಲ್ಲಿಯವರು ಡಾರ್ಬಿ ಅನ್ನುತ್ತಾರೆ, ನಾವು ರೂಢಿಯಂತೆ ಡರ್ಬಿ ಅಂತಲೇ ಕರೆಯೋಣ. ರೋಲ್ಸ್ ರಾಯ್ಸ್‌ನವರು ವಿಮಾನದ ಇಂಜಿನ್ ತಯಾರಿಸುವ ಊರು. ಆ ಊರಿನ ಫುಟ್‌ಬಾಲ್ ಕ್ಲಬ್ಬು ಡರ್ಬಿ ಕೌಂಟಿ. 2007ರ ಆಗಸ್ಟಿನಿಂದ 2008ರ ಮೇ ತಿಂಗಳವರೆಗೆ ಈ ಕ್ಲಬ್ಬು ಪ್ರೀಮಿಯರ್ ಲೀಗಿನಲ್ಲಿ 38 ಪಂದ್ಯ ಆಡಿತು. ಸೋತದ್ದು 29. ಡ್ರಾ ಆದದ್ದು 8. ಗೆದ್ದದ್ದು ಒಂದು. ಹೌದು, ಒಂದೇ ಒಂದು.

ಗೆದ್ದರೆ ಮೂರು ಪಾಯಿಂಟ್, ಡ್ರಾ ಆದರೆ ಒಂದು. ಕೂಡಿಸಿ ನೋಡಿ, 11 ಆಗುತ್ತದೆ. ಪ್ರೀಮಿಯರ್ ಲೀಗಿನಲ್ಲಿ ಇಷ್ಟು ಕಡಿಮೆ ಪಾಯಿಂಟಿಗೆ ಅಲ್ಲಿಯವರೆಗೆ ಯಾವ ತಂಡವೂ ನಿಂತಿರಲಿಲ್ಲ. ಆ ವರ್ಷ ಕಪ್ ಎತ್ತಿದ ಮ್ಯಾಂಚೆಸ್ಟರ್ ಯುನೈಟೆಡ್ ಗಳಿಸಿದ್ದು 87. ಆ 87ರಲ್ಲಿ ಯಾವ ಪಾಯಿಂಟು ಎಲ್ಲಿಂದ ಬಂತು ಅಂತ ಅವರ ಕಟ್ಟಾ ಅಭಿಮಾನಿಯನ್ನು ಕೇಳಿದರೂ ತಲೆ ಕೆರೆದುಕೊಳ್ಳುತ್ತಾನೆ. ಡರ್ಬಿಯ 11 ಹಾಗಲ್ಲ. ಬೆರಳು ಮಡಚಿ ಎಣಿಸಬಹುದು. ಒಂದೊಂದು ಪಾಯಿಂಟಿಗೂ ಒಂದೊಂದು ಕಥೆಯಿದೆ, ಕೆಲವು ಕಥೆಯಲ್ಲಿ ಬೇರೆ ಕ್ಲಬ್ಬಿನವರ ಕಣ್ಣೀರೂ ಇದೆ. ನಾನು ಇವತ್ತು ಆ ಹನ್ನೊಂದನ್ನೇ ಎಣಿಸುತ್ತೇನೆ.

ಅದಕ್ಕೆ ಮೊದಲು ಒಂದು ಮಾತು. ಇದೇನೋ ಸಣ್ಣಪುಟ್ಟ ಕ್ಲಬ್ಬು, ದಾರಿ ತಪ್ಪಿ ದೊಡ್ಡವರ ಮನೆಗೆ ಬಂತು ಅಂದುಕೊಳ್ಳಬೇಡಿ. 1884ರಲ್ಲಿ ಡರ್ಬಿಶೈರ್ ಕ್ರಿಕೆಟ್ ಕ್ಲಬ್ಬಿನವರೇ ಇದನ್ನು ಶುರು ಮಾಡಿದ್ದು. 1888ರಲ್ಲಿ ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಲೀಗ್ ಅಂತ ಮೊದಲ ಸಲ ನಡೆದಾಗ ಆಡಿದ 12 ಕ್ಲಬ್ಬುಗಳಲ್ಲಿ ಇದೂ ಒಂದು. 1972ರಲ್ಲಿ ಬ್ರಯಾನ್ ಕ್ಲಫ್ ಅನ್ನುವ ಮಹಾ ಮಾತುಗಾರ ಮ್ಯಾನೇಜರ್ ಆಗಿದ್ದಾಗ ಇಡೀ ಇಂಗ್ಲೆಂಡಿಗೇ ಚಾಂಪಿಯನ್ ಆಗಿತ್ತು. 1975ರಲ್ಲಿ ಇನ್ನೊಮ್ಮೆ. ಅಂದರೆ ಒಂದು ಕಾಲಕ್ಕೆ ಚೆನ್ನಾಗಿ ಬಾಳಿ ಬದುಕಿದ ಮನೆ.

ಈಗ 2007ರ ಮೇ ತಿಂಗಳಿಗೆ ಬನ್ನಿ. ಡರ್ಬಿ ಆಗ ಎರಡನೇ ದರ್ಜೆಯ ಲೀಗಿನಲ್ಲಿತ್ತು. ಮೇಲಕ್ಕೆ ಹೋಗಲು ಪ್ಲೇ ಆಫ್ ಆಡಬೇಕು. ಸೆಮಿಫೈನಲ್ಲಿನಲ್ಲಿ ಎದುರಿಗಿದ್ದದ್ದು ಸೌತಾಂಪ್ಟನ್. ಈ ಹೆಸರು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ. ಎರಡು ಪಂದ್ಯ ಸೇರಿ 4-4 ಆಯಿತು, ಪೆನಾಲ್ಟಿಗೆ ಹೋಯಿತು. ಸೌತಾಂಪ್ಟನ್ ಕಡೆಯಿಂದ ಕೊನೆಯ ಪೆನಾಲ್ಟಿ ಒದೆಯಲು ಬಂದವನು ಇನಿಗೋ ಇಡಿಯಾಕೆಜ್. ಸ್ಪೇನಿನವನು, ಹಿಂದಿನ ವರ್ಷದವರೆಗೆ ಇದೇ ಡರ್ಬಿಯಲ್ಲಿ ಆಡುತ್ತಿದ್ದವನು, ಈ ಊರಿನ ಜನಕ್ಕೆ ಅಚ್ಚುಮೆಚ್ಚಿನವನಾಗಿದ್ದವನು. ಒದ್ದ. ಚೆಂಡು ಗೋಲಿನ ಮೇಲಿಂದ ಹಾರಿ ಹೋಯಿತು. ಡರ್ಬಿ ಫೈನಲ್ಲಿಗೆ ಹೋಯಿತು, ವೆಂಬ್ಲಿಯಲ್ಲಿ ವೆಸ್ಟ್ ಬ್ರಾಮ್ವಿಚ್ ತಂಡವನ್ನು 1-0ಯಿಂದ ಸೋಲಿಸಿತು. ಆ ಒಂದು ಪಂದ್ಯದ ಬೆಲೆ 60 ಮಿಲಿಯನ್ ಪೌಂಡ್ ಅಂತ ಪೇಪರಿನವರೆಲ್ಲ ಬರೆದರು. ಟಿವಿ ಹಕ್ಕಿನ ದುಡ್ಡು, ಮತ್ತೇನಲ್ಲ.

ತೊಂದರೆ ಶುರುವಾದದ್ದೇ ಅಲ್ಲಿಂದ ಅಂತ ನನ್ನ ಎಣಿಕೆ. ಮ್ಯಾನೇಜರ್ ಬಿಲ್ಲಿ ಡೇವಿಸ್ ಬಂದು ಒಂದೇ ವರ್ಷವಾಗಿತ್ತು. ತಂಡ ಇನ್ನೂ ಅರೆಬೆಂದ ಅನ್ನ. ಒಂದೆರಡು ವರ್ಷ ಕೆಳಗೇ ಇದ್ದು ಹದವಾಗಬೇಕಾಗಿದ್ದವರು ಸೀದಾ ಮೇಲಕ್ಕೆ ಹೋಗಿಬಿಟ್ಟರು. ದುಡ್ಡು ಬಂತಲ್ಲ, ಒಳ್ಳೆ ಆಟಗಾರರನ್ನು ತರಬಹುದಿತ್ತಲ್ಲ ಅಂತ ನೀವು ಕೇಳಬಹುದು. ತಂದರು. ಆ ಬೇಸಿಗೆಯಲ್ಲಿ ಜಾಸ್ತಿ ದುಡ್ಡು ಸುರಿದದ್ದು ರಾಬರ್ಟ್ ಅರ್ನ್‌ಶಾ ಅನ್ನುವ ಗೋಲುಗಾರನ ಮೇಲೆ, 35 ಲಕ್ಷ ಪೌಂಡ್. ಇಡೀ ಲೀಗಿನಲ್ಲಿ ಅವನು ಹೊಡೆದದ್ದು ಒಂದು ಗೋಲು. ಅದೂ ಏಪ್ರಿಲ್ ಕೊನೆಯಲ್ಲಿ, ಊರೆಲ್ಲ ಮುಳುಗಿದ ಮೇಲೆ, ಆರ್ಸೆನಲ್ ಎದುರು 2-6 ಸೋತ ದಿನ.

ಸರಿ, ಎಣಿಸೋಣ.

ಮೊದಲನೇ ಪಾಯಿಂಟು ಮೊದಲನೇ ದಿನವೇ ಬಂತು. ಆಗಸ್ಟ್ 11, ತವರು ಮೈದಾನ ಪ್ರೈಡ್ ಪಾರ್ಕಿನಲ್ಲಿ ಪೋರ್ಟ್ಸ್‌ಮತ್ ಜೊತೆ 2-2. ಪರವಾಗಿಲ್ಲ, ಬದುಕಿಕೊಳ್ಳುತ್ತಾರೆ ಅನ್ನಿಸಿರಬೇಕು. ಆಮೇಲೆ ಸಾಲಾಗಿ ನಾಲ್ಕು ಸೋಲು. ಟಾಟನ್‌ಹ್ಯಾಮ್ ಹತ್ತಿರ 4-0, ಲಿವರ್‌ಪೂಲ್ ಹತ್ತಿರ 6-0.

ಎರಡು, ಮೂರು, ನಾಲ್ಕು. ಈ ಮೂರೂ ಒಟ್ಟಿಗೆ ಬಂದವು. 2007ರ ಸೆಪ್ಟೆಂಬರ್ 17, ಸೋಮವಾರ ರಾತ್ರಿ. ಎದುರಿಗೆ ನ್ಯೂಕ್ಯಾಸಲ್. ಕೆನ್ನಿ ಮಿಲ್ಲರ್ ಅಂತ ಸ್ಕಾಟ್ಲೆಂಡಿನವನು, ಆಗಸ್ಟ್ ಕೊನೆಗಷ್ಟೇ ಬಂದು ಸೇರಿದ್ದ, ಈ ಬಿಳಿ ಅಂಗಿ ತೊಟ್ಟು ಇಳಿದ ಮೊದಲ ಪಂದ್ಯ ಅದು. ಮೊದಲ ಅರ್ಧ ಮುಗಿಯುತ್ತಾ ಬಂದಿತ್ತು. ಗೋಲಿನಿಂದ ಸಾಕಷ್ಟು ದೂರದಲ್ಲಿ ಚೆಂಡು ನೆಲಕ್ಕೆ ಪುಟಿದು ಮೇಲೇಳುವುದಕ್ಕೂ ಇವನು ಎಡಗಾಲು ಬೀಸುವುದಕ್ಕೂ ಸರಿಹೋಯಿತು. ಗೋಲ್‌ಕೀಪರ್ ಹಾರಿದ, ಸಿಗಲಿಲ್ಲ. 1-0. ಇನ್ನುಳಿದ ಅರ್ಧ ಉಸಿರು ಬಿಗಿಹಿಡಿದು ಕಾದರು, ಗೆದ್ದರು. ನಮ್ಮಲ್ಲಿ ಆಗ ನಡುರಾತ್ರಿ ದಾಟಿತ್ತು. ಮರುದಿನದ ಪೇಪರಿಗೆ ಆ ಸ್ಕೋರು ಬಂದಿರಲಿಲ್ಲ, ಆಫೀಸಿಗೆ ಹೋಗಿ ಕಂಪ್ಯೂಟರ್ ಹಚ್ಚಿದ ಮೇಲೇ ನನಗೆ ಗೊತ್ತಾದದ್ದು. ಓಹೋ, ಡರ್ಬಿ ಚೇತರಿಸಿಕೊಂಡಿತು ಅಂದುಕೊಂಡೆ. ನನ್ನ ಭವಿಷ್ಯವಾಣಿ ಯಾವಾಗಲೂ ಹೀಗೇ ಬಿಡಿ.

ಐದು ದಿನ ಕಳೆದಿಲ್ಲ, ಆರ್ಸೆನಲ್ ಐದು ಗೋಲು ಹೊಡೆದು ಕಳಿಸಿತು. ಪ್ರೀಮಿಯರ್ ಲೀಗಿನ ಕೊನೆಯ ಮೂರು ತಂಡ ವರ್ಷದ ಕೊನೆಗೆ ಎರಡನೇ ದರ್ಜೆಗೆ ಇಳಿಯಬೇಕು. ಡರ್ಬಿ ಹಾಗೆ ಕೆಳಕ್ಕೆ ಬೀಳುತ್ತದೆ ಅಂತ ಬಾಜಿ ಕಟ್ಟಿದವರಿಗೆ ಒಂದು ಬೆಟ್ಟಿಂಗ್ ಕಂಪನಿ ಸೆಪ್ಟೆಂಬರಿನಲ್ಲೇ ದುಡ್ಡು ಕೊಟ್ಟುಬಿಟ್ಟಿತು. ಇನ್ನೂ ಎಂಟು ತಿಂಗಳ ಆಟ ಬಾಕಿ ಇತ್ತು! ಮದುವೆ ಮನೆಯಲ್ಲಿ ತಾಳಿ ಕಟ್ಟುವ ಮೊದಲೇ ಪಾತ್ರೆ ತೊಳೆದಿಟ್ಟ ಹಾಗೆ.

ಐದನೆಯದು ಬೋಲ್ಟನ್ ಜೊತೆ 1-1. ಆರನೆಯದು ಫುಲಮ್ ಊರಿಗೆ ಹೋಗಿ 0-0. ಹೊರಗಡೆ ಹೋಗಿ ಗೋಲು ಹೊಡೆಯುವುದಂತೂ ಇವರಿಗೆ ಆಗಿಬರಲೇ ಇಲ್ಲ. ಹೊರ ಊರಿನಲ್ಲಿ ಇವರ ಮೊದಲ ಗೋಲು ಬಂದದ್ದು ಡಿಸೆಂಬರ್ 8ಕ್ಕೆ, ಮ್ಯಾಂಚೆಸ್ಟರ್ ಯುನೈಟೆಡ್ ಮೈದಾನದಲ್ಲಿ. ಆ ಪಂದ್ಯ ಸೋತದ್ದು 4-1. ಅಷ್ಟರಲ್ಲಿ ಬಿಲ್ಲಿ ಡೇವಿಸ್ ಹೋಗಿಯಾಗಿತ್ತು. ಅವನ ಲೆಕ್ಕ 14 ಪಂದ್ಯ, ಆರು ಪಾಯಿಂಟ್.

ಬಂದವನು ಪಾಲ್ ಜೂವೆಲ್. ಮುಳುಗುವ ತಂಡವನ್ನು ದಡ ಹತ್ತಿಸುವುದರಲ್ಲಿ ಹೆಸರು ಮಾಡಿದವನು. 2000ದಲ್ಲಿ ಬ್ರಾಡ್‌ಫರ್ಡ್ ಕ್ಲಬ್ಬನ್ನು ಕೊನೆಯ ದಿನ ಲಿವರ್‌ಪೂಲನ್ನೇ ಸೋಲಿಸಿ ಉಳಿಸಿದ್ದ. ಇಲ್ಲಿ ಅವನಿಗೆ ಸಿಕ್ಕಿದ್ದು 24 ಪಂದ್ಯ. ಗೆದ್ದದ್ದು ಸೊನ್ನೆ.

ಆದರೆ ಏಳನೇ ಪಾಯಿಂಟು ಅವನು ತಂದದ್ದೇ. ಡಿಸೆಂಬರ್ 23, ನ್ಯೂಕ್ಯಾಸಲ್ ಮೈದಾನದಲ್ಲಿ 2-2. ಮತ್ತೆ ಅದೇ ನ್ಯೂಕ್ಯಾಸಲ್ ನೋಡಿ. ಡರ್ಬಿಯ 11ರಲ್ಲಿ ನಾಲ್ಕು ಆ ಒಂದೇ ತಂಡದ ಜೇಬಿನಿಂದ ಬಂದವು. ಎರಡೇ ವಾರ ಕಳೆದು ನ್ಯೂಕ್ಯಾಸಲ್ ಮ್ಯಾನೇಜರ್ ಸ್ಯಾಮ್ ಅಲಾರ್ಡೈಸ್ ಕೆಲಸ ಹೋಯಿತು. ಇದೊಂದೇ ಕಾರಣ ಅಂತ ನಾನು ಹೇಳಲ್ಲ. ಆದರೆ ಎಲ್ಲರೂ ಬಂದು ಬಾಚಿಕೊಂಡು ಹೋಗುವ ಮನೆಯಲ್ಲಿ ನೀವೊಬ್ಬರೇ ಪರ್ಸ್ ಕಳೆದುಕೊಂಡು ಬಂದರೆ ಯಜಮಾನ ಸುಮ್ನೆ ಇರುತ್ತಾನಾ?

ಎಂಟನೆಯದು ಜನವರಿ 30, ಮ್ಯಾಂಚೆಸ್ಟರ್ ಸಿಟಿ ಜೊತೆ 1-1. ಒಂಬತ್ತನೆಯದರ ಹತ್ತಿರ ಸ್ವಲ್ಪ ನಿಲ್ಲಬೇಕು. ಫೆಬ್ರವರಿ 2, ಬರ್ಮಿಂಗ್‌ಹ್ಯಾಮ್ ಊರಿನಲ್ಲಿ 1-1. ಬರ್ಮಿಂಗ್‌ಹ್ಯಾಮ್ ಕೂಡ ಕೆಳಗೆ ಬೀಳುವ ಭಯದಲ್ಲಿದ್ದ ತಂಡವೇ. ತವರಿನಲ್ಲಿ ಡರ್ಬಿ ಜೊತೆ ಆಟ ಅಂದರೆ ಮೂರು ಪಾಯಿಂಟ್ ಆಗಲೇ ಜೇಬಿಗೆ ಬಿದ್ದ ಲೆಕ್ಕ. ಸಿಕ್ಕಿದ್ದು ಒಂದು. ವರ್ಷದ ಕೊನೆಗೆ ಬರ್ಮಿಂಗ್‌ಹ್ಯಾಮ್ 35 ಪಾಯಿಂಟಿಗೆ ನಿಂತಿತು, ಅದರ ಮೇಲಿದ್ದ ಎರಡು ತಂಡ 36ಕ್ಕೆ. ಫೆಬ್ರವರಿಯಲ್ಲಿ ಜಾರಿಹೋದ ಆ ಎರಡು ಪಾಯಿಂಟ್ ಕೈಯಲ್ಲಿದ್ದಿದ್ದರೆ 37 ಆಗುತ್ತಿತ್ತು, ಉಳಿಯುತ್ತಿದ್ದರು. ತಾನು ಮುಳುಗುವವನು ಪಕ್ಕದವನ ಕಾಲು ಹಿಡಿದುಕೊಂಡ ಹಾಗಾಯಿತು.

ಹತ್ತನೆಯದು ಸಂಡರ್‌ಲೆಂಡ್ ಜೊತೆ 0-0. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ. ನಡುವೆ ಚೆಲ್ಸಿಯಲ್ಲಿ 6-1, ಲ್ಯಾಂಪಾರ್ಡ್ ಒಬ್ಬನೇ ನಾಲ್ಕು ಹೊಡೆದ.

ಹನ್ನೊಂದನೆಯದು, ಕೊನೆಯದು, ಮಾರ್ಚ್ 29. ಫುಲಮ್ ಜೊತೆ 2-2. ಅವತ್ತೇ ಡರ್ಬಿ ಕೆಳ ದರ್ಜೆಗೆ ಬಿದ್ದದ್ದು ಲೆಕ್ಕದಲ್ಲೂ ಖಚಿತವಾಯಿತು. ಇನ್ನೂ ಆರು ಪಂದ್ಯ ಇತ್ತು. ಆ ಆರೂ ಸೋತರು.

ಈಗ ನನಗೆ ನಿಜವಾಗಿ ಸೋಜಿಗ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ಪ್ರೈಡ್ ಪಾರ್ಕ್ ತುಂಬಿದರೆ ಹೆಚ್ಚುಕಡಿಮೆ ಮೂವತ್ತಮೂರೂವರೆ ಸಾವಿರ ಜನ. ಆ ವರ್ಷ ಅಲ್ಲಿ ಪಂದ್ಯಕ್ಕೆ ಸರಾಸರಿ ಬಂದದ್ದು 32 ಸಾವಿರಕ್ಕೂ ಜಾಸ್ತಿ. ತವರಿನ 19 ಪಂದ್ಯದಲ್ಲಿ ಗೆಲುವು ಒಂದು, ಅದೂ ಸೆಪ್ಟೆಂಬರಿನಲ್ಲೇ ಮುಗಿದುಹೋಗಿತ್ತು. ವೆಸ್ಟ್ ಹ್ಯಾಮ್ ಬಂದು ಐದು ಹೊಡೆದು ಹೋಯಿತು, ಆ್ಯಸ್ಟನ್ ವಿಲ್ಲಾ ಬಂದು ಆರು ಹೊಡೆದು ಹೋಯಿತು. ಆದರೂ ಬಂದರು. ವರ್ಷದ ಟಿಕೆಟ್ ಮೊದಲೇ ಕೊಂಡಿದ್ದರು, ಹಾಕಿದ ದುಡ್ಡು ವ್ಯರ್ಥವಾಗಬಾರದು ಅಂತ ಬಂದರು ಅನ್ನಬಹುದು. ಇರಬಹುದು. ಆದರೆ ದುಡ್ಡು ಹೋದರೆ ಹೋಗಲಿ, ಚಳಿಯಲ್ಲಿ ಕೂತು ಆರು ಗೋಲು ಯಾಕೆ ನೋಡಬೇಕು ಅಂತ ಮನೆಯಲ್ಲೇ ಉಳಿಯುವ ದಾರಿಯೂ ಇತ್ತಲ್ಲ?

ವಿಲ್ಲಾ ಆರು ಹೊಡೆದದ್ದು 2008ರ ಏಪ್ರಿಲ್ 12. ಅದಾಗಿ ಆರೇ ದಿನಕ್ಕೆ ನಮ್ಮ ಚಿನ್ನಸ್ವಾಮಿ ಸ್ಟೇಡಿಯಮ್ಮಿನಲ್ಲಿ ಐಪಿಎಲ್ಲಿನ ಮೊಟ್ಟಮೊದಲ ಪಂದ್ಯ. ಮೆಕಲಮ್ 158, ನಮ್ಮವರೆಲ್ಲ ಸೇರಿ 82ಕ್ಕೆ ಆಲೌಟ್. ಅಲ್ಲಿಂದ ಹದಿನೇಳು ವರ್ಷ ಈ ಸಲ ಕಪ್ ನಮ್ದೇ ಅಂತ ಕೂಗಿದವರಿಗೆ ಡರ್ಬಿಯವರ ಕಥೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮೇ 11, ಕೊನೆಯ ದಿನ. ರೆಡಿಂಗ್ ತಂಡ ಪ್ರೈಡ್ ಪಾರ್ಕಿಗೆ ಬಂತು. ಉಳಿಯಬೇಕಾದರೆ ಗೆಲ್ಲಲೇಬೇಕು. 4-0 ಗೆದ್ದಿತು. ಅದೇ ಹೊತ್ತಿಗೆ ಅತ್ತ ಫುಲಮ್ ಕೂಡ ಗೆದ್ದು ಗೋಲುಗಳ ಲೆಕ್ಕದಲ್ಲಿ ಮೇಲೆ ಹೋಯಿತು, ರೆಡಿಂಗ್ ಬಿದ್ದಿತು. ಅವತ್ತು ಆ ಮೈದಾನದಲ್ಲಿ ನಾಲ್ಕು ಗೋಲಿನಿಂದ ಗೆದ್ದವರೂ ಸೋತವರೂ ಇಬ್ಬರೂ ಕೆಳಗಿನ ದರ್ಜೆಗೆ ಹೋದರು.

ಡರ್ಬಿಗೆ ಮುಂದಿನ ಲೀಗ್ ಗೆಲುವು ಸಿಕ್ಕಿದ್ದು 2008ರ ಸೆಪ್ಟೆಂಬರಿನಲ್ಲಿ. ಮಿಲ್ಲರ್ ಹೊಡೆದ ಆ ರಾತ್ರಿಯಿಂದ ಹೆಚ್ಚುಕಡಿಮೆ ಒಂದು ವರ್ಷ. ಆಮೇಲೆ 2009ರ ಜನವರಿಯಲ್ಲಿ ಒಂದು ತಮಾಷೆ ನಡೆಯಿತು. ಲೀಗ್ ಕಪ್ ಸೆಮಿಫೈನಲ್ಲಿನ ಮೊದಲ ಪಂದ್ಯದಲ್ಲಿ ಇದೇ ಡರ್ಬಿ, ಇದೇ ಮೈದಾನದಲ್ಲಿ, ಯುರೋಪಿಗೇ ಚಾಂಪಿಯನ್ ಆಗಿದ್ದ ಮ್ಯಾಂಚೆಸ್ಟರ್ ಯುನೈಟೆಡನ್ನು 1-0ಯಿಂದ ಸೋಲಿಸಿತು. ಹೊಸದಾಗಿ ಮ್ಯಾನೇಜರ್ ಆಗಿದ್ದವನು ಸ್ಟ್ಯಾಂಡಿನಲ್ಲಿ ಕೂತು ನೋಡುತ್ತಿದ್ದ. ಅವನ ಹೆಸರು ನೈಜಲ್ ಕ್ಲಫ್. 1972ರ ಬ್ರಯಾನ್ ಕ್ಲಫ್ ಮಗ.

ಇನ್ನು ಸೌತಾಂಪ್ಟನ್. ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ. 2025ರಲ್ಲಿ ಆ ತಂಡ ಪ್ರೀಮಿಯರ್ ಲೀಗಿನಲ್ಲಿ ಸೋತು ಸುಣ್ಣವಾಗಿತ್ತು, ಏಪ್ರಿಲ್ ಮೊದಲ ವಾರದಲ್ಲೇ ಕೆಳಕ್ಕೆ ಬಿದ್ದಿತ್ತು, ಈ ಸಲ ಡರ್ಬಿಯ 11 ಇವರ ಹೆಗಲಿಗೆ ಬರುತ್ತದೆ ಅಂತ ಎಲ್ಲರೂ ಕಾದಿದ್ದರು. ಮೇ 10ರಂದು ಬಲಿಷ್ಠ ಮ್ಯಾಂಚೆಸ್ಟರ್ ಸಿಟಿ ಎದುರಿಗಿತ್ತು. ತೊಂಬತ್ತು ನಿಮಿಷ ಗೋಲಿನ ಮುಂದೆ ಗೋಡೆ ಕಟ್ಟಿ ನಿಂತರು. 0-0. ಅಲ್ಲಿಗೆ ಅವರದು 12.

ಇಡಿಯಾಕೆಜ್ ಅವತ್ತು ಆ ಪೆನಾಲ್ಟಿಯನ್ನು ಸ್ವಲ್ಪ ಕೆಳಗೆ ಒದ್ದಿದ್ದರೆ, ಈ 11 ಯಾರ ಹೆಸರಿನಲ್ಲಿರುತ್ತಿತ್ತೋ ಏನೋ. ನಮಸ್ಕಾರ.