ಚೂರಿಯ ಮೊನೆ ತೆಗೆದರೆ ಇರಿತ ನಿಲ್ಲುತ್ತದೆಯೇ?

ಕೇಳುಗರಿಗೆಲ್ಲ ನಮಸ್ಕಾರ. ಈ ಹೊತ್ತಿಗೆ ರೇಡಿಯೋ ಹಾಕುವವರು ಹೆಚ್ಚಾಗಿ ಅಡುಗೆಮನೆಯಲ್ಲೇ ಇರುತ್ತೀರಿ, ಅಲ್ವಾ? ಕೈಯಲ್ಲಿ ಚೂರಿ ಇದ್ದರೆ ಅದರ ತುದಿ ಒಮ್ಮೆ ನೋಡಿ. ಆ ಮೊನೆಯೇ ಬೇಡ, ಅಂಗಡಿಗೆ ಬರುವ ಅಡುಗೆ ಚೂರಿಗಳ ತುದಿಯೆಲ್ಲ ಮೊಂಡಾಗಿರಲಿ, ಆಗ ಇರಿತ ಕಡಿಮೆಯಾಗುತ್ತದೆ ಎಂಬ ವಾದ ಬ್ರಿಟನ್ನಿನಲ್ಲಿ ಬಹಳ ವರ್ಷಗಳಿಂದ ಇದೆ. 2005ರಲ್ಲಿ ಮೂವರು ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹೀಗೆ ಬರೆದರು. ಅವರು 10 ಮಂದಿ ಬಾಣಸಿಗರನ್ನು ಕೇಳಿದ್ದರಂತೆ. ಉದ್ದದ ಮೊನಚು ಚೂರಿ ಇಲ್ಲದಿದ್ದರೆ ಆಗುವುದೇ ಇಲ್ಲ ಎಂದು ಒಬ್ಬರೂ ಹೇಳಲಿಲ್ಲ. 2025ರಲ್ಲಿ ನಟ ಇಡ್ರಿಸ್ ಎಲ್ಬಾ ಅವರೂ ಇದೇ ಮಾತು ಆಡಿದರು.

ಅವರ ಕಾಳಜಿಯ ಬಗ್ಗೆ ನನಗೆ ಗೌರವ ಇದೆ. ಆದರೆ ನಾನು ಕಬ್ಬಿಣದ ಕೆಲಸದವನು. ಅಪ್ಪನ ಕುಲುಮೆಯಲ್ಲಿ ತಿದಿ ಒತ್ತಿ ಬೆಳೆದೆ, ಆಮೇಲೆ ಐಟಿಐಯಲ್ಲಿ ಮಕ್ಕಳಿಗೆ ಫಿಟ್ಟರ್ ಕೆಲಸ ಕಲಿಸಿದೆ. ನಾನು ಹೇಳುವುದು ಒಂದೇ ಮಾತು. ಮೊನೆ ಎನ್ನುವುದು ಬಿಚ್ಚಿ ತೆಗೆದಿಡುವ ಬಿಡಿಭಾಗ ಅಲ್ಲ. ಬೇಕಾದವರು ಅದನ್ನು ಮತ್ತೆ ಮಾಡಿಕೊಳ್ಳುತ್ತಾರೆ.

ನೀರ್ಚಾಲಿನ ಕಡೆಯ ಒಬ್ಬರು ಅಕ್ಕನ ಸಂಗತಿ ಹೇಳುತ್ತೇನೆ. ಅವರ ಮಗ ಇಂಗ್ಲೆಂಡಿನಿಂದ ಬರುವಾಗ ಅಮ್ಮನಿಗೆಂದು ಒಂದು ಚೂರಿ ತಂದಿದ್ದ. ಒಳ್ಳೆಯ ಉಕ್ಕು, ಒಳ್ಳೆಯ ಹಿಡಿ, ತುದಿ ಮಾತ್ರ ಚೌಕ. ತರಕಾರಿ ಹೆಚ್ಚಲು ತಕರಾರಿಲ್ಲ. ಆದರೆ ಅನಾನಸಿನ ಕಣ್ಣು ತೆಗೆಯಲು ಆಗುವುದಿಲ್ಲ. ಕಾಯಿ ಕಡಿಯಿಂದ ತಿರುಳು ಎಬ್ಬಿಸಲು ಆಗುವುದಿಲ್ಲ. ಹಲಸಿನ ಗೂಂಜಿನ ಬದಿಗೆ ಚೂರಿ ಇಳಿಸಿ ಸೊಳೆ ಬಿಡಿಸೋಣ ಎಂದರೆ ತುದಿ ಒಳಗೇ ಹೋಗುವುದಿಲ್ಲ, ಮಯಣ ಮಾತ್ರ ಮೆತ್ತುತ್ತದೆ. ಒಂದು ದಿನ ಚೂರಿಯನ್ನು ಪೇಪರಿನಲ್ಲಿ ಸುತ್ತಿ ನನ್ನ ಶೆಡ್ಡಿಗೆ ತಂದರು. "ಮಾಷ್ಟ್ರೇ, ಇದಕ್ಕೊಂದು ಮೂತಿ ಮಾಡಿಕೊಡಿ" ಅಂದರು.

ನಾನು ಅಲಗಿನ ಮೇಲೆ ಗೆರೆ ಎಳೆದೆ. ತಿಕ್ಕುವುದು ಬಾಯಿಯ ಕಡೆಯಿಂದ ಅಲ್ಲ, ಬೆನ್ನಿನ ಕಡೆಯಿಂದ. ಆಗ ಹರಿತ ಹಾಗೇ ಉಳಿಯುತ್ತದೆ. ಸಾಣೆ ಚಕ್ರಕ್ಕೆ ಹಿಡಿದರೆ ಕಿಡಿ ಹಾರುತ್ತದೆ, ಉಕ್ಕು ಬಿಸಿಯಾಗುತ್ತದೆ. ಸ್ವಲ್ಪ ತಿಕ್ಕಬೇಕು, ನೀರಿಗೆ ಅದ್ದಬೇಕು, ಮತ್ತೆ ತಿಕ್ಕಬೇಕು. ಅವಸರ ಮಾಡಿ ತುದಿ ನೀಲಿ ಬಣ್ಣಕ್ಕೆ ತಿರುಗಿತೋ, ಹದ ಹೋಯಿತು, ಆಮೇಲೆ ಆ ತುದಿ ಹರಿತ ಹಿಡಿಯುವುದಿಲ್ಲ. ನಮ್ಮ ಹುಡುಗರಿಗೆ ಇದನ್ನು ಎಷ್ಟು ಸಲ ಹೇಳಿದ್ದೇನೋ! ಕೊನೆಗೆ ಎಣ್ಣೆಕಲ್ಲಿನಲ್ಲಿ ನಾಲ್ಕು ಸಲ ಎಳೆದೆ. ಅಕ್ಕನಿಗೆ ಕೊಟ್ಟ ಚಹಾ ಇನ್ನೂ ಆರಿರಲಿಲ್ಲ, ಚೂರಿಗೆ ಮೂತಿ ಬಂದಿತ್ತು. ಹೆಬ್ಬೆರಳಿನಲ್ಲಿ ಮುಟ್ಟಿ ನೋಡಿ, "ಈಗ ಇದು ಚೂರಿ" ಅಂದರು.

ಹಲಸಿನ ಹಣ್ಣಿಗಾಗಿ ಇಷ್ಟು ಸುಲಭದಲ್ಲಿ ಆದದ್ದು, ಕೆಟ್ಟ ಉದ್ದೇಶ ಇಟ್ಟುಕೊಂಡವನಿಗೆ ಕಷ್ಟವೇ? ಯಂತ್ರವೂ ಬೇಡ. ಬಟ್ಟೆ ಒಗೆಯುವ ಕಲ್ಲು ಸಾಕು, ಸ್ವಲ್ಪ ಜಾಸ್ತಿ ಹೊತ್ತು ಬೇಕು ಅಷ್ಟೇ. ಈಗಾಗಲೇ ಮನೆಮನೆಯಲ್ಲಿ ಇರುವ ಮೊನಚು ಚೂರಿಗಳನ್ನು ಏನು ಮಾಡುತ್ತೀರಿ? ಒಳ್ಳೆಯ ಚೂರಿ ಒಂದು ತಲೆಮಾರು ಬಾಳುತ್ತದೆ.

ಸಂಗತಿ ಉದ್ದವಾಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಇದು ಹೊಸ ಯೋಚನೆಯೂ ಅಲ್ಲ. 1669ರಲ್ಲಿ ಫ್ರಾನ್ಸಿನ ದೊರೆ 14ನೇ ಲೂಯಿ ಊಟದ ಚೂರಿಗಳ ಮೊನೆ ತಿಕ್ಕಿಸಿದ. ಊಟದ ಮೇಜಿನ ಚೂರಿ ಮೊಂಡಾಯಿತು, ಅಡುಗೆಮನೆಯದು ಮೊನಚಾಗಿಯೇ ಉಳಿಯಿತು. ನಮ್ಮ ದೇಶದ 2016ರ ಆಯುಧ ನಿಯಮ 9 ಇಂಚಿಗಿಂತ ಉದ್ದದ ಅಲಗನ್ನು ಆಯುಧದ ಪಟ್ಟಿಗೆ ಸೇರಿಸುತ್ತದೆ. ಆದರೆ ಮನೆಬಳಕೆಯ, ಕೃಷಿಯ ಕತ್ತಿಗಳನ್ನು ಹೊರಗೆ ಬಿಡುತ್ತದೆ. ಬಿಡಲೇಬೇಕು. ಕಾಸರಗೋಡಿನ ತೋಟದ ಮನೆ ನೆನೆಸಿಕೊಳ್ಳಿ. ಮೆಟ್ಟುಕತ್ತಿ ಇದೆ, ಅಡಿಕೆ ಸುಲಿಯುವ ಕತ್ತಿ ಇದೆ, ಕೊಡಲಿ ಇದೆ, ಹಾರೆ ಇದೆ. ಕುಡಿದು ಜಗಳಕ್ಕೆ ನಿಂತವನು ಚೂರಿಯ ತುದಿ ನೋಡಿ ಸುಮ್ನೆ ಕೂರುತ್ತಾನೆಯೇ?

ಹಾಗಾದರೆ ಏನು ಮಾಡಬೇಕು? ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರ ನೋಡಿ. ಚೂರಿ ಹಿಡಿದು ಹೊಡೆದಾಡುವ ಹುಡುಗರ ಗುಂಪುಗಳಿಗೆ ಅದು ಕುಖ್ಯಾತವಾಗಿತ್ತು. 2005ರಲ್ಲಿ ಅಲ್ಲಿನ ಪೊಲೀಸರು ಹಿಂಸೆ ತಗ್ಗಿಸಲೆಂದೇ ಒಂದು ಘಟಕ ತೆರೆದರು. 2008ರಲ್ಲಿ ಆ ಹುಡುಗರನ್ನೇ ಕೋರ್ಟಿನ ಹಾಲಿಗೆ ಕರೆಸಿ ಕೂರಿಸಿದರು. ಗಾಯ ಹೊಲಿಯುವ ವೈದ್ಯರು ಮಾತಾಡಿದರು, ಮಗನನ್ನು ಕಳೆದುಕೊಂಡ ತಾಯಿ ಮಾತಾಡಿದರು. ಬಿಟ್ಟುಬಿಡುತ್ತೀರಾದರೆ ತರಬೇತಿ, ಕೆಲಸಕ್ಕೆ ದಾರಿ ಮಾಡಿಕೊಡುತ್ತೇವೆ ಅಂದರು. ಬಿಡದಿದ್ದರೆ ಕಾನೂನು ಬಿಡುವುದಿಲ್ಲ ಎಂದೂ ಹೇಳಿದರು. ಮುಂದಿನ ವರ್ಷಗಳಲ್ಲಿ ಸ್ಕಾಟ್ಲೆಂಡಿನ ಕೊಲೆಗಳು ಸುಮಾರು ಅರ್ಧಕ್ಕೆ ಇಳಿದವು. ಅಲ್ಲಿನ ಅಡುಗೆ ಚೂರಿ ಮಾತ್ರ ಒಂದು ನೂಲಿನಷ್ಟೂ ಬದಲಾಗಿರಲಿಲ್ಲ.

ಇಂಥ ಕೆಲಸಕ್ಕೆ ಹಣ ಬೇಕು, ಜನ ಬೇಕು, ವರ್ಷಗಟ್ಟಲೆ ತಾಳ್ಮೆ ಬೇಕು. ಅದನ್ನು ಬಿಟ್ಟು ಕಾರ್ಖಾನೆಯವರಿಗೆ ತುದಿ ತಿಕ್ಕಿ ಎನ್ನುವುದು ಸುಲಭ. ನನಗೆ ಬೇಸರ ಅದಕ್ಕೇ.

ನಮ್ಮ ಮಟ್ಟಿಗೆ ಇಷ್ಟು ಮಾಡಿ. ಪಕ್ಕದ ಮನೆಯಲ್ಲಿ ಕುಡಿತದ ಜಗಳ ಜೋರಾದರೆ ಕಿವಿ ಮುಚ್ಚಿಕೊಳ್ಳಬೇಡಿ. 112ಕ್ಕೆ ಫೋನ್ ಮಾಡಿ. ಹೆಂಗಸರಿಗೆ 181 ಇದೆ, ಹಗಲು ರಾತ್ರಿ ಎನ್ನದೆ ಯಾವಾಗ ಬೇಕಾದರೂ ಕರೆಯಬಹುದು. ಕ್ಯಾಲೆಂಡರಿನ ಮೂಲೆಯಲ್ಲಿ ಈ ಎರಡು ನಂಬರು ಈಗಲೇ ಬರೆದಿಟ್ಟುಕೊಳ್ಳಿ. ನಮಸ್ಕಾರ.