ಫಾರ್ಮ್ಯಾಟ್ ಹೊಡೆಸೋ ಮುಂಚೆ

ನಮಸ್ಕಾರ. ನಮ್ಮ ತುಮಕೂರಲ್ಲಿ ಮನೆ ಕಂಪ್ಯೂಟರ್ ನಿಧಾನ ಆಯ್ತು ಅಂದ್ರೆ ಜನಕ್ಕೆ ಗೊತ್ತಿರೋ ದಾರಿ ಒಂದೇ. ವೈರೆಲ್ಲ ಕಿತ್ತು, ಸಿಪಿಯುನ ಸ್ಕೂಟರ್ ಮುಂದೆ ಕಾಲ ಹತ್ರ ಇಟ್ಕೊಂಡು ಅಂಗಡಿಗೆ ಹೋಗೋದು. ಎಂ.ಜಿ. ರೋಡ್ ಆಗ್ಲಿ, ಎಸ್.ಎಸ್. ಪುರಂ ಆಗ್ಲಿ, ಶಿರಾ, ಮಧುಗಿರಿ, ಗುಬ್ಬಿ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿ ಆಗ್ಲಿ, ಮಾತು ಒಂದೇ: "ವೈರಸ್ ಬಂದಿದೆ ಸಾರ್, ಫಾರ್ಮ್ಯಾಟ್ ಹೊಡೀಬೇಕು." ಸಾಯಂಕಾಲಕ್ಕೆ ಮಷೀನ್ ವಾಪಸ್. ಹೊಸ ವಿಂಡೋಸ್, ಆಫೀಸ್, ಫೋಟೋಶಾಪ್, ನುಡಿ, ಎಲ್ಲ ಇದೆ. ಸರ್ರಂತ ಓಪನ್ ಆಗುತ್ತೆ. ಕೆಲವು ತಿಂಗಳು ಕಳೆದ್ರೆ ಮತ್ತೆ ಅದೇ ಸ್ಕೂಟರ್, ಅದೇ ಅಂಗಡಿ.

ನಾನು ಇವತ್ತು ಹೇಳೋಕೆ ಕೂತಿರೋದು ಇಷ್ಟು: ನಮ್ಮ ಎಷ್ಟೋ ಮನೆಗಳಿಗೆ ಮಾಲ್‌ವೇರ್, ಅಂದ್ರೆ ವೈರಸ್‌ನಂಥ ಕೆಡುಕು ಮಾಡೋ ಸಾಫ್ಟ್‌ವೇರ್, ಬರ್ತಿರೋದೇ ಆ ರಿಪೇರಿ ಜೊತೆಗೆ.

ಹೇಗೆ ಅಂತ ಕೇಳಿ. ಫಾರ್ಮ್ಯಾಟ್ ಆದ್ಮೇಲೆ ಹಾಕೋ ವಿಂಡೋಸ್, ಆಫೀಸ್ ಬಹಳ ಸಲ ದುಡ್ಡು ಕೊಟ್ಟು ತಂದಿದ್ದಲ್ಲ. ಅದನ್ನ ಆಕ್ಟಿವೇಟ್ ಮಾಡೋಕೆ ಒಂದು ಸಣ್ಣ ಕ್ರ್ಯಾಕ್, ಅಂದ್ರೆ ಲೈಸೆನ್ಸ್ ಇಲ್ಲದೆ ಸಾಫ್ಟ್‌ವೇರ್ ನಡೆಯೋ ಹಾಗೆ ಮಾಡೋ ಪ್ರೋಗ್ರಾಮ್, ಓಡಿಸ್ತಾರೆ. ಆ ಕ್ರ್ಯಾಕ್ ಬಹಳ ಸಲ ಮೊದಲು ಕೇಳೋದೇ "ಆಂಟಿವೈರಸ್ ಆಫ್ ಮಾಡಿ" ಅಂತ. ಆಮೇಲೆ ವಿಂಡೋಸ್ ಜೊತೆಗೇ ಬರೋ ಆಂಟಿವೈರಸ್ ಡಿಫೆಂಡರ್ ತನ್ನನ್ನ ಹಿಡೀಬಾರದು ಅಂತ ಎಕ್ಸ್‌ಕ್ಲೂಷನ್ ಪಟ್ಟಿಗೆ ಒಂದು ಫೋಲ್ಡರ್ ಸೇರಿಸಬೇಕು. ಕೆಲವು ಸಲ ಇಡೀ ಸಿ ಡ್ರೈವನ್ನೇ ಸೇರಿಸಿಬಿಡ್ತಾರೆ. ಮನೆ ಕಾವಲುಗಾರನಿಗೆ "ಈ ಕೋಣೆ ಕಡೆ ತಿರುಗಿಯೂ ನೋಡ್ಬೇಡ" ಅಂತ ಹೇಳಿದ ಹಾಗೆ ಅದು. ಅಲ್ಲಿ ಏನೇ ಬಂದು ಕೂತ್ರೂ ಆಂಟಿವೈರಸ್ ನೋಡಲ್ಲ. ಎಲ್ಲ ಕ್ರ್ಯಾಕ್ ಒಳಗೂ ಕಳ್ಳ ಇದ್ದೇ ಇರ್ತಾನೆ ಅಂತ ನಾನು ಹೇಳ್ತಿಲ್ಲ. ಆದ್ರೆ ಇದ್ದಾನೋ ಇಲ್ವೋ ಅಂತ ತಿಳಿಯೋ ದಾರಿಯನ್ನೇ ಮುಚ್ಚಿ ಮಷೀನನ್ನ ನಮ್ಮ ಕೈಗೆ ಕೊಡ್ತಾರೆ.

ಅಂಗಡಿ ಹುಡುಗರ ಮೇಲೆ ಗೂಬೆ ಕೂರಿಸೋಕೆ ನಾನು ಬಂದಿಲ್ಲ. ಐಟಿಐ, ಡಿಪ್ಲೊಮಾ ಮಾಡ್ಕೊಂಡು ಸಣ್ಣ ಅಂಗಡಿ ಹಾಕಿ ಬೆಳಗ್ಗೆಯಿಂದ ರಾತ್ರಿವರೆಗೆ ದುಡಿಯೋರು ಅವರು. ನಾವು ಹೋಗಿ "ಎಲ್ಲ ಸಾಫ್ಟ್‌ವೇರ್ ಹಾಕ್ಕೊಡಪ್ಪ, ಅದಕ್ಕೆಲ್ಲ ಬೇರೆ ದುಡ್ಡು ಕೇಳ್ಬೇಡ" ಅಂತೀವಿ. ಚೌಕಾಸಿ ಮಾಡಿ ಕೊಡೋ ಆ ಕಾಸಿಗೆ ಅವರು ಒರಿಜಿನಲ್ ಎಲ್ಲಿಂದ ತರ್ತಾರೆ? ಬದಲಾಗಬೇಕಾದ್ದು ನಾವು ಕೇಳೋ ರೀತಿ.

ಇನ್ನೊಂದು ತೊಂದರೆ ಅಂದ್ರೆ ವೈರಸ್ ಬಗ್ಗೆ ನಮ್ಮ ತಲೇಲಿ ಕೂತಿರೋ ಚಿತ್ರ ಹಳೇದು. ಝೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಕೊಟ್ಟು ಬಂದ್ರೆ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿರ್ತಿದ್ವಲ್ಲ, ನಾವು ಅದನ್ನ ನೋಡಿ ಬೆಳೆದೋರು. 2008ರ ಕೊನೇಲಿ ಬಂದ ಕಾನ್‌ಫಿಕರ್ ಅನ್ನೋ ವೈರಸ್ ಪೆನ್‌ಡ್ರೈವ್ ಚುಚ್ಚಿದ್ರೆ ತಾನೇ ಓಡೋ ಸೌಲಭ್ಯವನ್ನೂ ಬಳಸ್ಕೊಂಡು ಜಗತ್ತೆಲ್ಲ ಹಬ್ಬಿತ್ತು. 2011ರಲ್ಲಿ ಮೈಕ್ರೋಸಾಫ್ಟ್ ಹಳೇ ವಿಂಡೋಸ್‌ಗಳಲ್ಲೂ ಅದನ್ನ ಬಂದ್ ಮಾಡ್ತು. ಆ ಕಾಲದ ವೈರಸ್ ಗಲಾಟೆ ಮಾಡ್ತಿತ್ತು, ಬಂದಿದೆ ಅಂತ ಕಣ್ಣಿಗೇ ಕಾಣ್ತಿತ್ತು.

ಈಗಿನದು ಹಾಗಲ್ಲ. ಈಗ ಮನೆ ಕಂಪ್ಯೂಟರ್‌ಗೆ ಬರೋದ್ರಲ್ಲಿ ದೊಡ್ಡ ಪಿಡುಗು ಇನ್ಫೋಸ್ಟೀಲರ್. ಬರುತ್ತೆ, ಬ್ರೌಸರ್‌ನಲ್ಲಿ ನೀವು ಸೇವ್ ಮಾಡಿಟ್ಟ ಪಾಸ್‌ವರ್ಡ್‌ಗಳನ್ನೆಲ್ಲ ಬಾಚ್ಕೊಳ್ಳುತ್ತೆ, ಹೋಗುತ್ತೆ. ಎಷ್ಟೋ ಸಲ ಕೆಲಸ ಮುಗಿದ ಮೇಲೆ ತನ್ನನ್ನ ತಾನೇ ಅಳಿಸ್ಕೊಳ್ಳುತ್ತೆ. ಮಷೀನ್ ಒಂದು ಚೂರೂ ನಿಧಾನ ಆಗಲ್ಲ. ಕುಕಿಗಳನ್ನೂ ಕದಿಯುತ್ತೆ, ಅದು ಪಾಸ್‌ವರ್ಡ್ ಕದಿಯೋದಕ್ಕಿಂತ ಅಪಾಯ. ಒಂದು ಸಲ ಲಾಗಿನ್ ಆದ್ಮೇಲೆ ಮತ್ತೆ ಮತ್ತೆ ಕೇಳಬಾರದು ಅಂತ ಬ್ರೌಸರ್ ಇಟ್ಕೊಂಡಿರೋ ಗುರುತು ಅದು. ಆ ಗುರುತು ಕೈಗೆ ಸಿಕ್ಕಿದ್ರೆ ಎಷ್ಟೋ ಕಡೆ ಕಳ್ಳನಿಗೆ ಪಾಸ್‌ವರ್ಡೂ ಬೇಡ, ನಿಮ್ಮ ಓಟಿಪಿಯೂ ಬೇಡ. ಲುಮ್ಮಾ ಅನ್ನೋ ಇಂಥದ್ದೊಂದು ಸ್ಟೀಲರ್ 2025ರ ಮಾರ್ಚ್ 16ರಿಂದ ಮೇ 16ರವರೆಗೆ, ಎರಡೇ ತಿಂಗಳಲ್ಲಿ, ಜಗತ್ತಿನ 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಇತ್ತು ಅಂತ ಮೈಕ್ರೋಸಾಫ್ಟೇ ಲೆಕ್ಕ ಕೊಟ್ಟಿದೆ. ಇಂಥವು ಹರಡೋ ದಾರಿಗಳಲ್ಲಿ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರೂ ಒಂದು.

ಇನ್ನೊಂದು ದಾರಿ ಇದೆ. ಕಾಲೇಜಿಗೆ ಹೋಗೋ ಮಕ್ಕಳು ದಯವಿಟ್ಟು ಇದನ್ನ ಗಮನ ಇಟ್ಟು ಕೇಳಿ. ಹಳೇ ಪ್ರಶ್ನೆಪತ್ರಿಕೆ ಹುಡುಕ್ತಾ, ಸಿನಿಮಾ ಹುಡುಕ್ತಾ ಯಾವುದೋ ಸೈಟ್‌ಗೆ ಹೋಗ್ತೀರಿ. "ನೀವು ರೋಬೋಟ್ ಅಲ್ಲ ಅಂತ ಖಚಿತಪಡಿಸಿ" ಅಂತ ಬರುತ್ತೆ. ಟಿಕ್ ಮಾಡಿದ್ರೆ ಮುಂದೆ ಹೇಳುತ್ತೆ: ವಿಂಡೋಸ್ ಕೀ ಜೊತೆ ಆರ್ ಒತ್ತಿ, ಆಮೇಲೆ ಕಂಟ್ರೋಲ್ ವಿ, ಆಮೇಲೆ ಎಂಟರ್. ಒತ್ತಿದ್ರೆ ಮುಗೀತು. ನೀವು ಟಿಕ್ ಮಾಡಿದಾಗಲೇ ಆ ಸೈಟು ಒಂದು ಕಮಾಂಡನ್ನ ನಿಮಗೆ ಗೊತ್ತಿಲ್ಲದ ಹಾಗೆ ಕಾಪಿ ಮಾಡಿಟ್ಟಿರುತ್ತೆ. ನಿಮ್ಮ ಕೈಯಿಂದಲೇ ಅದನ್ನ ಅಂಟಿಸಿ, ಓಡಿಸಿ, ಮಾಲ್‌ವೇರ್ ಇಳಿಸ್ಕೊಂಡ ಹಾಗಾಯ್ತು. ರೋಬೋಟ್ ಅಲ್ಲ ಅಂತ ಕೇಳೋ ನಿಜವಾದ ಯಾವ ಪರೀಕ್ಷೆಯೂ (ಕ್ಯಾಪ್ಚಾ) ವಿಂಡೋಸ್ ಕೀ, ಆರ್ ಒತ್ತಿದ್ರೆ ಬರೋ ಆ ರನ್ ಬಾಕ್ಸ್ ತೆಗೀರಿ ಅಂತ ಕೇಳಲ್ಲ. ಮನೇಲಿ ತಮ್ಮ, ತಂಗಿ ಇದ್ರೆ ಅವರಿಗೂ ಇವತ್ತೇ ಹೇಳಿ.

ಸರಿ, ಹಾಗಾದ್ರೆ ಪತ್ತೆ ಮಾಡೋದು ಹೇಗೆ?

ಮೊದಲು, ನಿಧಾನ ಆಗೋದೇ ವೈರಸ್ ಲಕ್ಷಣ ಅನ್ನೋದನ್ನ ಬಿಡಿ. 4 ಜಿಬಿ ರ‍್ಯಾಮ್, ಹಳೇ ಹಾರ್ಡ್‌ಡಿಸ್ಕ್ ಇರೋ ಮಷೀನ್ ಮೇಲೆ ಈಗಿನ ವಿಂಡೋಸ್ ಹಾಕಿದ್ರೆ ಅದು ನಿಧಾನವೇ. ಅಲ್ಲಿಗೆ ಬೇಕಾಗಿರೋದು ಒಂದು ಎಸ್‌ಎಸ್‌ಡಿ, ಹಾರ್ಡ್‌ಡಿಸ್ಕ್ ಬದಲಿಗೆ ಹಾಕೋ ವೇಗದ ಡಿಸ್ಕ್. ಫಾರ್ಮ್ಯಾಟಿಗೆ ವರ್ಷಕ್ಕೆ ಎರಡು ಮೂರು ಸಲ ಕೊಡೋ ದುಡ್ಡನ್ನ ಒಟ್ಟು ಹಾಕಿ ಅದನ್ನ ತಗೊಳ್ಳಿ, ಮಷೀನ್‌ಗೆ ಜೀವ ಬರುತ್ತೆ.

ನಿಜವಾಗ್ಲೂ ಅನುಮಾನ ಪಡಬೇಕಾದ್ದು ಬೇರೆ. ಡಿಫೆಂಡರ್ ಆಫ್ ಆಗಿದೆ, ಆನ್ ಮಾಡಿದ್ರೂ ಆಗ್ತಿಲ್ಲ. ಮನೆ ಕಂಪ್ಯೂಟರ್‌ನಲ್ಲಿ "ಇದನ್ನ ನಿಮ್ಮ ಅಡ್ಮಿನಿಸ್ಟ್ರೇಟರ್ ನಿರ್ವಹಿಸ್ತಿದ್ದಾರೆ" ಅಂತ ತೋರಿಸ್ತಿದೆ. ನಿಮ್ಮ ಮನೇಲಿ ಯಾವ ಅಡ್ಮಿನಿಸ್ಟ್ರೇಟರ್ ಇದ್ದಾರೆ? ಯಾರೋ ಕೈ ಆಡಿಸಿದ್ದಾರೆ ಅಂತಲೇ ತಿಳ್ಕೊಳ್ಳಿ. ಗೂಗಲ್‌ನಲ್ಲಿ ಹುಡುಕಿದ್ರೆ ಇನ್ಯಾವುದೋ ಪುಟಕ್ಕೆ ಹೋಗುತ್ತೆ. ನೀವು ಹಾಕದ ಎಕ್ಸ್‌ಟೆನ್ಷನ್, ಅಂದ್ರೆ ಬ್ರೌಸರ್‌ಗೆ ಸೇರಿಸೋ ಸಣ್ಣ ಪ್ರೋಗ್ರಾಮ್, ಬ್ರೌಸರ್‌ನಲ್ಲಿ ಕೂತಿದೆ. ಬೇರೆ ಸೈಟೆಲ್ಲ ತೆಗೆಯುತ್ತೆ, ಆಂಟಿವೈರಸ್ ಕಂಪನಿಗಳ ಸೈಟು ಮಾತ್ರ ತೆಗೆಯಲ್ಲ. ನಿಮ್ಮ ಇನ್‌ಸ್ಟಾಗ್ರಾಮ್‌ನಿಂದ ನೀವು ಕಳಿಸದ ಮೆಸೇಜ್ ಹೋಗಿದೆ. ಇವು ಲಕ್ಷಣ.

ಇದರ ಮಧ್ಯೆ ಒಂದು ಸುಳ್ಳು ಲಕ್ಷಣ ಇದೆ. ನಮ್ಮ ಹಿರಿಯರನ್ನ ಇದು ತುಂಬ ಹೆದರಿಸ್ತಿದೆ, ಅದಕ್ಕೆ ಬಿಡಿಸಿ ಹೇಳ್ತೀನಿ. ಪರದೆಯ ಬಲಗಡೆ ಕೆಳಗೆ ಟಣ್ ಅಂತ ಬರುತ್ತೆ: "ನಿಮ್ಮ ಕಂಪ್ಯೂಟರ್‌ನಲ್ಲಿ 5 ವೈರಸ್, ಈಗಲೇ ಕ್ಲೀನ್ ಮಾಡಿ." ರಿಟೈರ್ ಆದ ಮೇಷ್ಟ್ರು, ಮನೇಲಿರೋ ಅಮ್ಮ, ಪಾಪ ಕ್ಲಿಕ್ ಮಾಡ್ತಾರೆ. ಬಹಳ ಸಲ ಅದು ವೈರಸ್ಸೂ ಅಲ್ಲ, ಆಂಟಿವೈರಸ್ಸೂ ಅಲ್ಲ. ಯಾವುದೋ ಸೈಟಿನಲ್ಲಿ "ಅಲೋ" ಅಂತ ಒತ್ತಿದ್ದಕ್ಕೆ ಆ ಸೈಟು ಕಳಿಸ್ತಿರೋ ನೋಟಿಫಿಕೇಶನ್. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ಅಂತ ಹೋಗಿ ಗೊತ್ತಿಲ್ಲದ ಹೆಸರೆಲ್ಲ ತೆಗೆದುಹಾಕಿ. ಅಷ್ಟೇ, ನಿಂತುಹೋಗುತ್ತೆ. ಪರದೆ ತುಂಬ ಕೆಂಪು ಎಚ್ಚರಿಕೆ ಬಂದು, ಕೂಗಾಡಿ, ಈ ನಂಬರ್‌ಗೆ ಫೋನ್ ಮಾಡಿ ಅಂದ್ರೆ ಮಾಡಲೇಬೇಡಿ. ಮೈಕ್ರೋಸಾಫ್ಟ್ ತೋರಿಸೋ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರೋದೇ ಇಲ್ಲ. ಆಲ್ಟ್ ಜೊತೆ ಎಫ್4 ಒತ್ತಿ ಮುಚ್ಚಿ. ಮುಚ್ಚದಿದ್ರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆದು ಬ್ರೌಸರನ್ನೇ ನಿಲ್ಲಿಸಿ.

ಈಗ ತೆಗೆಯೋ ಕೆಲಸ. ಸ್ಟಾರ್ಟ್‌ನಲ್ಲಿ ವಿಂಡೋಸ್ ಸೆಕ್ಯುರಿಟಿ ಅಂತ ಹುಡುಕಿ. ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್, ಅದರೊಳಗೆ ಮ್ಯಾನೇಜ್ ಸೆಟ್ಟಿಂಗ್ಸ್, ಕೆಳಗಡೆ ಎಕ್ಸ್‌ಕ್ಲೂಷನ್ಸ್. ಮೊದಲು ಈ ಪಟ್ಟಿ ನೋಡಿ. ನೀವು ಏನೂ ಸೇರಿಸಿಲ್ಲ ಅಂದ್ರೆ ಅದು ಖಾಲಿ ಇರಬೇಕು. ಏನಾದ್ರೂ ಇದ್ರೆ ತೆಗೀರಿ. ಇದನ್ನ ಮಾಡದೆ ಎಷ್ಟು ಸ್ಕ್ಯಾನ್ ಮಾಡಿದ್ರೂ ದಂಡ, ಯಾಕಂದ್ರೆ ನೋಡಬೇಕಾದ ಜಾಗವನ್ನ ಅದು ನೋಡೋದೇ ಇಲ್ಲ. ಆಮೇಲೆ ಅಪ್‌ಡೇಟ್ ಮಾಡಿ, ಸ್ಕ್ಯಾನ್ ಆಪ್ಷನ್ಸ್‌ಗೆ ಹೋಗಿ ಫುಲ್ ಸ್ಕ್ಯಾನ್ ಹಾಕಿ. ಹಳೇ ಹಾರ್ಡ್‌ಡಿಸ್ಕ್ ಆದ್ರೆ ಗಂಟೆಗಟ್ಟಲೆ ಆಗುತ್ತೆ. ಬೇಸಿಗೇಲಿ ಕರೆಂಟು ನಂಬೋ ಹಾಗಿಲ್ಲ, ರಾತ್ರಿ ಹೊತ್ತು ಹಾಕಿ. ಅದು ಮುಗಿದ ಮೇಲೆ ಅದೇ ಜಾಗದಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಅಂತ ಇದೆ, ಅದನ್ನೂ ಹಾಕಿ. ಸುಮಾರು ಕಾಲು ಗಂಟೆ ಹಿಡಿಯುತ್ತೆ. ಮಷೀನ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳೋ ಮುಂಚೆ ಹುಡುಕುತ್ತೆ. ವಿಂಡೋಸ್ ಓಡ್ತಿರುವಾಗ ಬಚ್ಚಿಟ್ಟುಕೊಳ್ಳೋ ಜಾತಿಯವು ಆಗ ಸಿಕ್ಕಿಬೀಳ್ತಾವೆ.

ಇನ್ನೂ ಅನುಮಾನ ಇದ್ರೆ ಮಾಲ್‌ವೇರ್‌ಬೈಟ್ಸ್ ಅನ್ನೋ ಸ್ಕ್ಯಾನರ್‌ನ ಉಚಿತ ಆವೃತ್ತಿಯಲ್ಲಿ ಒಂದು ಸಲ ನೋಡಿ. ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಕೂಡ ಇದೆ, ಇಳಿಸಿಕೊಂಡ 10 ದಿನಕ್ಕೆ ಅದರ ಅವಧಿ ಮುಗಿಯುತ್ತೆ, ಮತ್ತೆ ಬೇಕಾದಾಗ ಹೊಸದು ಇಳಿಸಿಕೊಳ್ಳಬೇಕು. ನಮ್ಮ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2017ರಿಂದ ಸೈಬರ್ ಸ್ವಚ್ಛತಾ ಕೇಂದ್ರ ನಡೆಸ್ತಿದೆ, ಅದರ ಸೈಟಿನಲ್ಲೂ ಉಚಿತ ಸಾಧನಗಳಿವೆ. ಆದ್ರೆ ಸದಾ ಕಾವಲು ಕಾಯೋ ಆಂಟಿವೈರಸ್ ಎರಡೆರಡು ಹಾಕ್ಬೇಡಿ. ಒಂದಕ್ಕೊಂದು ಕಿತ್ತಾಡಿ ಮಷೀನ್ ಸುಸ್ತಾಗುತ್ತೆ.

ಬಹಳ ಜನ ಇಲ್ಲಿಗೆ ನಿಲ್ಲಿಸ್ತಾರೆ. ಸ್ಕ್ಯಾನ್ ಹಸಿರು ತೋರಿಸ್ತು, ಮುಗೀತು ಅಂತ. ಕದ್ದ ಪಾಸ್‌ವರ್ಡ್ ಸ್ಕ್ಯಾನ್ ಮಾಡಿದ ತಕ್ಷಣ ವಾಪಸ್ ಬರುತ್ತಾ? ಫಾರ್ಮ್ಯಾಟ್ ಹೊಡೆಸಿದ್ರೂ ಬರಲ್ಲ. ಹಾಗಾಗಿ ಫೋನಿನಿಂದ, ಆ ಕಂಪ್ಯೂಟರ್‌ನಿಂದ ಬೇಡ, ಮೊದಲು ಜಿಮೇಲ್ ಪಾಸ್‌ವರ್ಡ್ ಬದಲಾಯಿಸಿ. ಮಿಕ್ಕಿದ್ದೆಲ್ಲ ಅದರ ಮೇಲೇ ನಿಂತಿರೋದು. ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ ನಿಮ್ಮ ಡಿವೈಸ್‌ಗಳ ಪಟ್ಟಿ ಇದೆ, ಅಲ್ಲಿ ಗೊತ್ತಿಲ್ಲದ್ದನ್ನೂ ಆ ಕಂಪ್ಯೂಟರನ್ನೂ ಸೈನ್ ಔಟ್ ಮಾಡಿ; ಕದ್ದ ಗೂಗಲ್ ಕುಕಿ ಕೆಲಸಕ್ಕೆ ಬಾರದ ಹಾಗಾಗುತ್ತೆ. ಆಮೇಲೆ ಬ್ಯಾಂಕು, ಆಮೇಲೆ ಮಿಕ್ಕಿದ್ದು. ಎರಡು ಹಂತದ ಪರಿಶೀಲನೆ ಆನ್ ಮಾಡಿ.

ಸ್ಟೀಲರ್ ಸಿಕ್ತು, ಅಥವಾ ದೂರದಿಂದ ನಿಮ್ಮ ಮಷೀನ್ ಆಡಿಸೋ ಟ್ರೋಜನ್ ಸಿಕ್ತು ಅಂದ್ರೆ, ಹೌದು, ಆಗ ವಿಂಡೋಸ್ ಪೂರ್ತಿ ಹೊಸದಾಗಿ ಹಾಕೋದೇ ಸರಿ. ಆದ್ರೆ ಸ್ವಚ್ಛವಾದದ್ದನ್ನ ಹಾಕಿಸಿ. ವಿಂಡೋಸ್ ಜೊತೆಗೇ ಬಂದ ಲ್ಯಾಪ್‌ಟಾಪ್ ಆಗಿದ್ರೆ ಅದರ ದುಡ್ಡು ನೀವು ಅವತ್ತೇ ಕೊಟ್ಟಾಗಿದೆ; ತೀರ ಹಳೇದಲ್ಲದಿದ್ರೆ ಲೈಸೆನ್ಸ್ ಕೀ ಮದರ್‌ಬೋರ್ಡ್‌ನಲ್ಲೇ ಇರುತ್ತೆ. ಹೋಮ್ ಆವೃತ್ತಿ ಬಂದಿದ್ರೆ ಹೋಮ್ ಆವೃತ್ತಿಯನ್ನೇ ಮತ್ತೆ ಹಾಕಿ, ಇಂಟರ್‌ನೆಟ್ ಸಿಕ್ಕ ಕೂಡಲೇ ತಾನೇ ಆಕ್ಟಿವೇಟ್ ಆಗುತ್ತೆ. ಇಂಥ ಲ್ಯಾಪ್‌ಟಾಪ್‌ನಲ್ಲಿದ್ದ ಒರಿಜಿನಲ್ ತೆಗೆದು ಕ್ರ್ಯಾಕ್ ಮಾಡಿದ ಪ್ರೊ ಹಾಕಿಸ್ಕೊಂಡು ಬರೋರನ್ನ ನೋಡಿದ್ರೆ ನನಗೆ ಹೊಟ್ಟೆ ಉರಿಯುತ್ತೆ. ಒಂದು 8 ಜಿಬಿ ಪೆನ್‌ಡ್ರೈವ್, ಮೈಕ್ರೋಸಾಫ್ಟ್ ಸೈಟಿನಲ್ಲಿ ಉಚಿತವಾಗಿ ಸಿಗೋ ಮೀಡಿಯಾ ಕ್ರಿಯೇಷನ್ ಟೂಲ್, ಇಷ್ಟಿದ್ರೆ ಅಂಗಡಿಯವರೇ ಮಾಡಿಕೊಡ್ತಾರೆ. "ನನ್ನ ಲ್ಯಾಪ್‌ಟಾಪ್ ಜೊತೆ ಬಂದ ವಿಂಡೋಸೇ ಬೇಕು, ಆಕ್ಟಿವೇಟರ್ ಬೇಡ" ಅಂತ ಬಾಯಿಬಿಟ್ಟು ಹೇಳಿ, ಆ ಕೆಲಸಕ್ಕೆ ಅವರು ಕೇಳೋ ಕೂಲಿಯನ್ನ ಚೌಕಾಸಿ ಮಾಡದೆ ಕೊಡಿ.

ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪು, ಲೈಸೆನ್ಸ್‌ಗೆ ದುಡ್ಡಿಲ್ಲ ಅನ್ನೋರಿಗೆ ವಿಂಡೋಸ್ ಬದಲಿಗೆ ಉಚಿತವಾಗಿ ಸಿಗೋ ಲಿನಕ್ಸ್ ಇದೆ. ಅದರಲ್ಲಿ ನುಡಿಯಲ್ಲಿರೋ ಹಾಗಿನ ಕಗಪ ಕೀಲಿಮಣೆ ಮೊದಲೇ ಇರುತ್ತೆ, ನುಡಿಯಲ್ಲಿ ಬೆರಳು ಪಳಗಿದೋರು ಆರಾಮಾಗಿ ಕನ್ನಡ ಬರೀಬಹುದು. ಪತ್ರ, ಲೆಕ್ಕ, ಮಕ್ಕಳ ಪ್ರಾಜೆಕ್ಟ್‌ಗೆ ಲಿಬ್ರೆಆಫೀಸ್ ಸಾಕು, ವಿಂಡೋಸ್‌ನಲ್ಲೂ ಅದು ಉಚಿತವೇ. ನುಡಿಯೂ ಉಚಿತ. ಉಚಿತವಾಗಿರೋದನ್ನ ಸಿಕ್ಕ ಸಿಕ್ಕ ಸೈಟಿನಿಂದ ಇಳಿಸಿಕೊಳ್ಳೋದು ಯಾಕೆ? ಇನ್ನು ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ಅದನ್ನೂ ಲೆಕ್ಕಕ್ಕೆ ಇಟ್ಕೊಳ್ಳಿ.

ಫೈಲುಗಳ ಹೆಸರಿನ ಕೊನೆಗೆ ವಿಚಿತ್ರ ಅಕ್ಷರ ಸೇರಿಕೊಂಡು, ಮದುವೆ ಫೋಟೋಗಳೆಲ್ಲ ತೆಗೆಯದ ಹಾಗಾದ್ರೆ ಅದು ರ‍್ಯಾನ್ಸಮ್‌ವೇರ್, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳೋ ಮಾಲ್‌ವೇರ್. ಮನೆ ಕಂಪ್ಯೂಟರ್‌ಗಳನ್ನೇ ಹೆಚ್ಚಾಗಿ ಹಿಡಿಯೋ ಸ್ಟಾಪ್ ಅನ್ನೋ ಜಾತಿ ಬಹುಪಾಲು ಹರಡೋದು ಕ್ರ್ಯಾಕ್‌ಗಳಿಂದ. ದುಡ್ಡು ಕಟ್ಟಬೇಡಿ. ಯೂರೋಪಿನ ಪೊಲೀಸ್ ಸಂಸ್ಥೆ ಯೂರೋಪೋಲ್, ಡಚ್ ಪೊಲೀಸರು ಸೇರಿ 2016ರಲ್ಲಿ ಶುರು ಮಾಡಿದ ನೋ ಮೋರ್ ರ‍್ಯಾನ್ಸಮ್ ಸೈಟಿನಲ್ಲಿ ಬೀಗ ತೆಗೆಯೋ ಸಾಧನ ಇದೆಯಾ ನೋಡಿ. ಇವತ್ತು ಇಲ್ಲ ಅಂದ್ರೂ ಆ ಫೈಲುಗಳನ್ನ ಅಳಿಸಬೇಡಿ, ಒಂದು ಡಿಸ್ಕ್‌ಗೆ ಹಾಕಿ ಎತ್ತಿಡಿ.

ಖಾತೆಯಿಂದ ಹಣವೇ ಹೋಗಿದ್ರೆ ಮಾತ್ರ ಕ್ರಮ ಬೇರೆ. ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಎಷ್ಟು ಬೇಗ ಮಾಡ್ತೀರೋ ಆ ಹಣವನ್ನ ದಾರಿಯಲ್ಲೇ ತಡೆಯೋ ಅವಕಾಶ ಅಷ್ಟು ಹೆಚ್ಚು. ಬ್ಯಾಂಕಿಗೂ ತಿಳಿಸಿ. ವೈಫೈ ಆಫ್ ಮಾಡಿ ಮಷೀನನ್ನ ಹಾಗೇ ಬಿಡಿ. ಸ್ಕ್ಯಾನೂ ಬೇಡ, ಫಾರ್ಮ್ಯಾಟಂತೂ ಬೇಡವೇ ಬೇಡ. ಸೈಬರ್ ಅಪರಾಧ ನೋಡ್ಕೊಳ್ಳೋ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಯವರು ನೋಡಬೇಕಾದ ಸಾಕ್ಷಿ ಅದರೊಳಗೇ ಇರಬಹುದು.